ಕೆಂಪರಾಜು ಸಾರ್ ಅವರ ‘ಇಷ್ಟರಿಂದ ಇಷ್ಟರೊಳಗೆ’

ಕೆಂಪರಾಜು ಸಾರ್ ಅವರನ್ನು ಏನೇ ಕೇಳಿ, ಒಂಟಿ ಅಂಕಿ ಅವರ ಬಾಯಿಂದ ಬರುತ್ತಿರಲಿಲ್ಲ. ಕನಕಪುರದ ಬಸ್ಸು ಎಷ್ಟೊತ್ತಿಗೆ ಸಾರ್ ಅಂದರೆ, ‘ಎಂಟೂಕಾಲಿಂದ ಒಂಬತ್ತರೊಳಗೆ’ ಅನ್ನುವರು. ಅಷ್ಟಕ್ಕೂ ಬಿಡದೆ ‘ನೂರಕ್ಕೆ ತೊಂಬತ್ತೈದು ಸಲ’ ಅಂತ ಒಂದು ಬಾಲ ಅಂಟಿಸುವರು. ಸಾತನೂರು ಬಸ್ ಸ್ಟ್ಯಾಂಡಿನಲ್ಲಿ ಅವಸರದಲ್ಲಿ ನಿಂತವರಿಗೆ ಈ ಉತ್ತರ ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಇನ್ನು ಅವರ ಹೆಂಡತಿ ಜಯಮ್ಮನವರ ಪಾಡು ಕೇಳಲೇಬೇಡಿ. ಮನೆಗೆ ಯಾರು ಬಂದರೂ ಅವರ ದೂರು ಒಂದೇ.

‘ಊಟಕ್ಕೆ ಎಷ್ಟು ಜನ ಬತ್ತಾರೆ ಅಂತ ಒಂದಿನನಾದ್ರೂ ನೆಟ್ಟಗೆ ಹೇಳವ್ರಾ ಕೇಳವ್ವ. ನಾಕರಿಂದ ಏಳು ಅಂತಾರೆ. ನಾನು ನಾಕು ಮುದ್ದೆ ಕಟ್ಲಾ, ಏಳು ಕಟ್ಲಾ?’

ಪೇಪರಿನ ಹಿಂದಿನಿಂದ ಸಾರ್ ದನಿ ಬರುತ್ತಿತ್ತು: ‘ಏಳು ಕಟ್ಟು. ಉಳಿದ್ರೆ ನಾನವ್ನಿ.’

ಗಿಡ್ಡ ಆಳು, ಬಿಳಿ ಪಂಚೆ, ಹೆಗಲ ಮೇಲೆ ಮಾಸಿದ ಟವಲು, ಬಾಯಲ್ಲಿ ಸದಾ ಒಂದು ಲವಂಗ. ಕನಕಪುರದ ಕಾಲೇಜೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ, ರಿಟೈರಾದ ಮೇಲೆ ಸಾತನೂರಿಗೆ ವಾಪಸು ಬಂದಿದ್ದರು. ಅವರ ತಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರು. ಜಯಮ್ಮನವರದು ಎರಡು ಹಸು. ಪಾಠಕ್ಕೆ ಹೋದವರು ತಪ್ಪು ಉತ್ತರ ಹೇಳಿದರೆ ಸಾರ್ ಬೈಯುತ್ತಿರಲಿಲ್ಲ. ಲವಂಗವನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸುತ್ತಿದ್ದರು, ಅಷ್ಟೆ. ಅದು ದಾಟಿತೆಂದರೆ ನಾನು ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತಿರುವುತ್ತಿದ್ದೆ.

ನಾನು ಅವರ ಮನೆ ಬಾಗಿಲಿಗೆ ಹೋದಾಗ ನನ್ನ ಬಿಎಸ್ಸಿ ಒಂದೇ ಒಂದು ಪೇಪರಿಗೆ ಗೂಟ ಹೊಡೆದುಕೊಂಡು ಕೂತಿತ್ತು. ಸಂಖ್ಯಾಶಾಸ್ತ್ರ. ಮೂರು ಸಲ ಬರೆದು ಮೂರು ಸಲವೂ ಡುಮ್ಕಿ. ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಬಾಟಲಿ ಮುಚ್ಚಳಗಳಲ್ಲಿ ಬಿರುಕು ಹುಡುಕುವ ಕೆಲಸಕ್ಕೆ ಸೇರಿದ್ದೆ. ನನಗೆ ಬೇಕಿದ್ದದ್ದು ಬಿಎಡ್. ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬೇಕು ಅನ್ನುವುದು ನನಗೆ ಚಿಕ್ಕಂದಿನ ಹುಚ್ಚು. ಅಷ್ಟರಲ್ಲಿ ಹಳೇ ಸಿಲಬಸ್ಸಿನವರಿಗೆ ಇದೇ ಕೊನೇ ಅವಕಾಶ ಅಂತ ಸುತ್ತೋಲೆ ಬಂತು. ಈ ಸಲವೂ ಹೋದರೆ ಮೂರು ವರ್ಷದ ಓದು ನೀರಲ್ಲಿ ಮಾಡಿದ ಹೋಮ. ಅವ್ವನಿಗೆ ಹೇಳಿದರೆ ಅಳುತ್ತಾಳೆ ಅಂತ ಹೇಳದೆ, ಒಂದು ಭಾನುವಾರ ಪುಸ್ತಕ ಹಿಡಿದು ಸಾತನೂರಿಗೆ ಹೋದೆ. ಸಾರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏಳೆಂಟು ಭಾನುವಾರ ಬಾ, ಹತ್ತೂ ಆಗಬಹುದು ಅಂದರು. ಆಗಲೇ ನನಗೆ ಅವರ ಕಾಯಿಲೆ ಗೊತ್ತಾದದ್ದು.

ಮೊದಲ ದಿನವೇ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಒಂದಷ್ಟನ್ನು ಮಾತ್ರ ನೋಡಿ ಇಡೀ ರಾಶಿಯ ಸರಾಸರಿ ಇಷ್ಟರಿಂದ ಇಷ್ಟರೊಳಗೆ ಅಂತ ಹೇಳುವ ಲೆಕ್ಕ. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: ನಿಜವಾದ ಸರಾಸರಿ ಈ ಎರಡು ಅಂಕಿಗಳ ನಡುವೆ ಇರುವ ಸಾಧ್ಯತೆ ನೂರಕ್ಕೆ ತೊಂಬತ್ತೈದು. ಲವಂಗ ದಾಟಿತು. ನನ್ನನ್ನು ಎಬ್ಬಿಸಿ ಕೊಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ, ಹಸು ಕಟ್ಟುವ ಹಗ್ಗಕ್ಕೆ ಕುಣಿಕೆ ಹಾಕಿ ಗೂಟದ ಕಡೆ ಎಸೆದರು. ಗೂಟಕ್ಕೆ ಬಿತ್ತು. ಮತ್ತೆ ಎಸೆದರು. ಬಿತ್ತು. ಆಮೇಲೊಂದು ಸಲ ಪಕ್ಕಕ್ಕೆ ಹೋಯಿತು.

‘ಗೂಟ ಅಲ್ಲಾಡ್ತಾ ಐತಾ?’ ಅಂದರು. ಇಲ್ಲ ಸಾರ್ ಅಂದೆ. ‘ಗೂಟ ಅಂದ್ರೆ ನಿಜವಾದ ಸರಾಸರಿ, ಕುಣಿಕೆ ಅಂದ್ರೆ ಇಂಟರ್ವಲ್ಲು. ಅಲ್ಲಾಡೋದು ನನ್ ಕುಣಿಕೆ. ಇಂಗೇ ನೂರು ಸಲ ಎಸೆದ್ರೆ ತೊಂಬತ್ತೈದು ಸಲ ಗೂಟಕ್ಕೆ ಬೀಳ್ತದೆ. ಐದು ಸಲ ತಪ್ತದೆ. ನಂಬಿಕೆ ಇಡೋದು ಎಸೆಯೋ ಕೈ ಮ್ಯಾಲೆ ಕಣವ್ವ, ಒಂದು ಎಸೆತದ ಮ್ಯಾಲಲ್ಲ.’

ಹಸುವೂ ನಾನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಮೂರು ಸಲ ಪರೀಕ್ಷೆ ಬರೆದರೂ ತಲೆಗೆ ಹೋಗದ್ದು ಸಗಣಿಯ ವಾಸನೆಯಲ್ಲಿ ಹೋಯಿತು.

ಮುಂದಿನ ವಾರ ಹುಳುಮನೆ. ಸಾರ್ ಅವರ ತಮ್ಮನ ಬೆಳೆ ಗೂಡು ಕಟ್ಟಿತ್ತು. ಒಂದು ಬುಟ್ಟಿ ರೇಷ್ಮೆಗೂಡು ನನ್ನ ಮುಂದೆ ಇಟ್ಟು, ಇಪ್ಪತ್ತು ಗೂಡು ತೆಗೆದು ಒಂದೊಂದನ್ನೇ ತೂಗಿ, ಬುಟ್ಟಿಯ ಸರಾಸರಿ ತೂಕಕ್ಕೆ ಇಂಟರ್ವಲ್ ಕಟ್ಟು ಅಂದರು. ಬುಟ್ಟಿಯಲ್ಲಿದ್ದ ಅಷ್ಟನ್ನೂ ಅವರು ಬೆಳಗ್ಗೆಯೇ ಎಣಿಸಿ ತೂಗಿಟ್ಟಿದ್ದರು. ಅಂದರೆ ಗೂಟ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ನಾನು ಬಲು ಹುಷಾರಾಗಿ ಇಪ್ಪತ್ತು ತೆಗೆದೆ, ಒಂದು ಗಂಟೆ ಲೆಕ್ಕ ಮಾಡಿದೆ. ಗೂಟ ನನ್ನ ಕುಣಿಕೆಯಿಂದ ಎಲ್ಲೋ ಆಚೆ ಬಿದ್ದಿತ್ತು. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಸಾರ್ ನಾನು ತೆಗೆದ ಗೂಡುಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿ ನಗಲು ಶುರು ಮಾಡಿದರು. ಒಂದಕ್ಕೂ ಕಲೆ ಇಲ್ಲ, ಒಂದೂ ಮೆತ್ತಗಿಲ್ಲ, ಎಲ್ಲವೂ ಗಟ್ಟಿಮುಟ್ಟು.

‘ಗೂಡು ಮಾರಕ್ಕೆ ಬಂದಿದ್ದೀಯೋ, ಲೆಕ್ಕ ಮಾಡಕ್ಕೆ ಬಂದಿದ್ದೀಯೋ?’

ನಮ್ಮ ಮನೆಯಲ್ಲೂ ಹುಳು ಸಾಕುತ್ತಿದ್ದರು. ರಾಮನಗರದ ಮಾರ್ಕೆಟ್ಟಿಗೆ ಹಾಕುವ ಮುಂಚೆ ಕಲೆ ಬಿದ್ದದ್ದು, ಮೆತ್ತಗಿನದು ಎಲ್ಲ ಬೇರೆ ಮಾಡುವುದು ಚಿಕ್ಕಂದಿನಿಂದ ನನ್ನ ಕೆಲಸ. ಬುಟ್ಟಿಯೊಳಕ್ಕೆ ಇಳಿದ ಕೈ ತನ್ನಷ್ಟಕ್ಕೆ ಒಳ್ಳೆಯದನ್ನೇ ಆರಿಸಿಬಿಟ್ಟಿತ್ತು. ಹುಳು ಸಾಕದ ಊರಿನ ಹುಡುಗಿಯಾಗಿದ್ದರೆ ಕಣ್ಣು ಮುಚ್ಚಿ ಬಾಚಿಕೊಂಡು ಸರಿಯಾಗಿ ಮಾಡುತ್ತಿದ್ದಳೇನೋ. ಸಾರ್ ನನ್ನ ಕೈಯನ್ನು ಮೊಣಕೈವರೆಗೂ ಬುಟ್ಟಿಯೊಳಗೆ ತೂರಿಸಿ, ತಳದಿಂದ ತೆಗೆ, ನೋಡದೆ ತೆಗೆ ಅಂದರು.

ಹೈಪಾಥಿಸಿಸ್ ಟೆಸ್ಟಿಗೆ ಉದಾಹರಣೆಯಾಗಿ ಒದಗಿದವರು ಜಯಮ್ಮನವರು. ಒಂದು ದಿನ ಅವರ ಹಾಲನ್ನು ಡೈರಿಯವರು ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರಲಿಲ್ಲ, ನೀರು ಬೆರೆತಿದೆ ಅಂತ ವಾಪಸು ಕಳಿಸಿದ್ದರು. ಹನಿ ನೀರು ಹಾಕದ ಹೆಂಗಸು. ಕ್ಯಾನು ಕುಕ್ಕಿದ ಸದ್ದಿಗೆ ಇಡೀ ಬೀದಿ ಹೊರಗೆ ಬಂತು. ಸಾರ್ ಖುಷಿಯಿಂದ ನನ್ನ ಕಡೆ ತಿರುಗಿ ಪಾಠ ಶುರು ಮಾಡಿದರು. ಹಾಲು ಒಳ್ಳೆಯದು ಅಂತ ಹಿಡಿದುಕೊಂಡು ಶುರು ಮಾಡುತ್ತಾರೆ, ಅದು ನಲ್ ಹೈಪಾಥಿಸಿಸ್. ಒಳ್ಳೆ ಹಾಲನ್ನು ವಾಪಸು ಕಳಿಸುವುದು ಮೊದಲನೇ ಬಗೆಯ ತಪ್ಪು, ನೀರು ಹಾಲನ್ನು ತೆಗೆದುಕೊಳ್ಳುವುದು ಎರಡನೆಯದು. ನೂರರಲ್ಲಿ ಐದು ಸಲ ಮೊದಲನೆಯದು ಆಗಿಯೇ ಆಗುತ್ತದೆ.

‘ಆ ಐದ್ರಲ್ಲಿ ನನ್ ಹಾಲೇ ಯಾಕಿರಬೇಕು?’ ಅಂತ ಜಯಮ್ಮನವರು ಕೇಳಿದರು. ಅವತ್ತು ಸಾರ್ ಅವರಿಗೆ ಕಾಫಿ ಸಿಗಲಿಲ್ಲ, ಜೊತೆಗಿದ್ದ ತಪ್ಪಿಗೆ ನನಗೂ ಸಿಗಲಿಲ್ಲ.

ಪರೀಕ್ಷೆಗೆ ಎರಡು ವಾರ ಇದ್ದಾಗ ಅವರು ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ ನಾನು ಮಕಾಡೆ ಬಿದ್ದೆ. ಎಲ್ಲ ಕಡೆ ‘ನಲ್ ಹೈಪಾಥಿಸಿಸ್ ಒಪ್ಪಿಕೊಂಡಿದೆ’ ಅಂತ ಬರೆದಿದ್ದೆ. ತಪ್ಪು ಅನ್ನಲು ಸಾಕ್ಷಿ ಸಿಗಲಿಲ್ಲ ಅಂದರೆ ಸರಿ ಅಂತ ಅರ್ಥವಲ್ಲ ಎಂದು ಅವರು ಎಷ್ಟು ಸಲ ಹೇಳಿದ್ದರೋ. ಲವಂಗ ದಾಟಿತು. ನನಗೆ ತಡೆಯಲಾಗಲಿಲ್ಲ, ಜಗುಲಿಯ ಮೇಲೆಯೇ ಅತ್ತುಬಿಟ್ಟೆ. ನಾನು ದಡ್ಡಿ ಸಾರ್, ಮೂರು ಸಲ ಫೇಲಾದವಳು, ಮುಚ್ಚಳ ನೋಡುವುದಕ್ಕೇ ಲಾಯಕ್ಕು ಅಂದೆ. ಜಯಮ್ಮನವರು ಒಳಗಿಂದ ಬಂದು ನಿಂತರು. ಸಾರ್ ಟವಲಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

‘ಗೂಡಲ್ಲಿ ಬರೀ ಒಳ್ಳೇವ್ನೇ ಆರಿಸ್ಕೊಂಡೆ. ನಿನ್ ವಿಸ್ಯಕ್ಕೆ ಬಂದ್ರೆ ಬರೀ ಕೆಟ್ಟವನ್ನೇ ಆರಿಸ್ತಾ ಕುಂತಿದ್ದೀಯ. ಮೂರು ಸಲ ಫೇಲಾದ್ದು ಎಣಿಸ್ದೆ. ಮಿಕ್ಕ ಪೇಪರೆಲ್ಲ ಯಾರು ಪಾಸ್ ಮಾಡಿದ್ದು, ನಿಮ್ಮಪ್ಪನಾ? ಕೈ ಒಸಿ ತಳಕ್ಕೆ ಹಾಕವ್ವ.’

ನಾನು ಅಳು ನಿಲ್ಲಿಸಿ ನಕ್ಕೆ. ಒಳ್ಳೆಯ ಮಾತನ್ನು ನನಗೆ ಹಲವರು ಹೇಳಿದ್ದಾರೆ. ನನ್ನ ಲೆಕ್ಕದಲ್ಲಿ ಎಲ್ಲಿ ತಪ್ಪಾಗಿದೆ ಅಂತ ತೋರಿಸಿ ಧೈರ್ಯ ಕೊಟ್ಟವರು ಅವರೊಬ್ಬರೇ.

ಕೊನೆಯ ಭಾನುವಾರ ಹೊರಡುವಾಗ, ಪಾಸಾಗುತ್ತೀನಾ, ಒಂದೇ ಮಾತು ಹೇಳಿ ಸಾರ್ ಅಂತ ಗೋಗರೆದೆ. ಅವರು ಎಲ್ಲಿ ಹೇಳುತ್ತಾರೆ. ‘ನಲವತ್ತೊಂದರಿಂದ ಎಪ್ಪತ್ತರೊಳಗೆ’ ಅಂದರು. ಮುನಿಸಿಕೊಂಡು ಬಸ್ಸು ಹತ್ತಿದೆ. ಕಬ್ಬಾಳಿನ ಕ್ರಾಸು ದಾಟಿದ ಮೇಲೆ ಹೊಳೆಯಿತು: ಪಾಸಾಗಲು ಮೂವತ್ತೈದು ಸಾಕು. ಅವರ ಇಂಟರ್ವಲ್ಲಿನ ಕೆಳಗಿನ ತುದಿಯೂ ಅದಕ್ಕಿಂತ ಮೇಲಿತ್ತು.

ಅರವತ್ತೊಂದು ಬಂತು. ಬಿಎಡ್ ಆಯಿತು. ಈಗ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಗಣಿತ ಮೇಡಂ ನಾನು. ನನ್ನ ಮಕ್ಕಳು ದಡ್ಡ, ದಡ್ಡಿ ಅಂತ ತಮ್ಮನ್ನು ತಾವೇ ಕರೆದುಕೊಂಡರೆ, ಕೈ ತಳಕ್ಕೆ ಹಾಕು ಅನ್ನುತ್ತೇನೆ. ಅವಕ್ಕೆ ಮೊದಲು ಅರ್ಥವಾಗುವುದಿಲ್ಲ; ಹುಣಸೆಬೀಜದ ಡಬ್ಬಿ ತಂದು ತೋರಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಸಾರ್ ಹೋದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ತಿಥಿಗೆ ಹಿಂದಿನ ದಿನವೇ ಹೋದೆ. ಅಡುಗೆಯವನು ಬಂದು ಎಷ್ಟು ಜನಕ್ಕೆ ಮಾಡಲಿ ಅಂತ ಜಯಮ್ಮನವರನ್ನು ಕೇಳಿದ. ಅವರು ಸೆರಗು ಸರಿಮಾಡಿಕೊಂಡು, ಯಾವ ಯೋಚನೆಯೂ ಇಲ್ಲದೆ, ‘ಇನ್ನೂರರಿಂದ ಇನ್ನೂರೈವತ್ತರೊಳಗೆ’ ಅಂದರು. ಅಂದವರೇ ಬಾಯಿಗೆ ಕೈ ಅಡ್ಡ ಹಿಡಿದರು. ಸಾರ್ ಅವರ ತಮ್ಮ ನಕ್ಕರು, ಆಮೇಲೆ ಗೋಡೆ ಕಡೆ ತಿರುಗಿ ನಿಂತರು. ಇನ್ನೂರೈವತ್ತಕ್ಕೇ ಮಾಡಪ್ಪ ಅಂತ ಅಡುಗೆಯವನಿಗೆ ನಾನೇ ಹೇಳಿದೆ.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಶಾಮಿಯಾನ ಸಾಲಲಿಲ್ಲ. ಚನ್ನಪಟ್ಟಣದಿಂದ ಬಂದವರು, ರಾಮನಗರದ ಬ್ಯಾಂಕಿನವರು, ಮೇಷ್ಟ್ರುಗಳು, ಸೊಸೈಟಿ ಕಾರ್ಯದರ್ಶಿಗಳು, ಕಂಕುಳಲ್ಲಿ ಮಗು ಎತ್ತಿಕೊಂಡ ಹೆಣ್ಣುಮಕ್ಕಳು, ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಆ ಲವಂಗ ದಾಟುವುದನ್ನು ನೋಡಿದವರೇ. ಇನ್ನೂರೈವತ್ತು ಯಾವಾಗಲೋ ದಾಟಿತ್ತು. ಅನ್ನ ಮುಗಿಯಿತು. ಹೊಸ ಪಂಕ್ತಿ ಎಲೆ ಹಾಕಿಕೊಂಡು ಕೂತಿದೆ, ಬೀದಿಯಲ್ಲಿ ಇನ್ನೂ ಜನ. ನಾನು ಹೆದರಿ ಅಡುಗೆಮನೆಗೆ ಓಡಿ, ನಿಮ್ಮ ಲೆಕ್ಕ ತಪ್ಪಿತಲ್ಲ ಅಮ್ಮ ಅಂದೆ.

ಜಯಮ್ಮನವರು ಕಿಟಕಿಯಿಂದ ಬೀದಿಯ ಉದ್ದಕ್ಕೂ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಮುಖ ಅರಳಿತ್ತು.

‘ನೂರಕ್ಕೆ ಐದು ಸಲ ತಪ್ತದೆ ಅಂತಿದ್ರಲ್ಲ ನಿಮ್ ಮೇಷ್ಟ್ರು, ಇದೇ ಅದು’ ಅಂದರು. ‘ಎಸರಿಡು. ಅಕ್ಕಿ ಅಳೀಬ್ಯಾಡ, ಹಾಕ್ತಾ ಇರು.’