ಹಿಮದೂರಿಗೆ ಹೋದ ಶಿವಾರಪಟ್ಟಣದ ಉಳಿ

ಕೇಳಿರಿ, ತಾಯಂದಿರೇ, ಅಣ್ಣತಮ್ಮಂದಿರೇ. ಕೈಯಲ್ಲಿನ ಕೆಲಸವನ್ನು ಗಳಿಗೆಯ ಮಟ್ಟಿಗೆ ಬದಿಗಿಟ್ಟು, ಮನಸ್ಸನ್ನು ಹಗುರ ಮಾಡಿಕೊಂಡು ಕೇಳಿರಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿ ನರಸಿಂಹಪ್ಪನವರು ಕಡಲಾಚೆಯ ಇಟಲಿ ದೇಶಕ್ಕೆ ಹೋಗಿ, ಲೋಕದ ಜನವೆಲ್ಲ ನೆರೆದಿದ್ದ ಚಳಿಗಾಲದ ಒಲಿಂಪಿಕ್ಸ್ ಕೂಟದಲ್ಲಿ ಒಂದು ಮಧ್ಯಾಹ್ನ ಪ್ರೇಕ್ಷಕರಾಗಿ ಕುಳಿತು ಬಂದ ಕಥೆಯಿದು. ಭಗವಂತನು ಯಾರಿಗೆ ಎಲ್ಲಿ ಪಾಠ ಇಟ್ಟಿರುತ್ತಾನೋ ಬಲ್ಲವರಾರು?

ನರಸಿಂಹಪ್ಪನವರಿಗೆ ಈಗ ಅರವತ್ತೆರಡು ವಯಸ್ಸು. ಅವರ ಊರು ಉಳಿಯ ಸದ್ದಿಗೇ ಕಣ್ಣುಜ್ಜಿಕೊಂಡು ಏಳುವ ಊರು. ಏಳು ವರ್ಷದವರಿದ್ದಾಗ ತಂದೆ ಅವರನ್ನು ಕಲ್ಲುಗಳ ನಡುವೆ ಕೂರಿಸಿ, ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುವುದನ್ನು ಕಲಿಸಿದರು. ಗಂಟೆಯಂತೆ ದುಂಡಗೆ ಮೊಳಗಿದರೆ ಗಂಡುಕಲ್ಲು, ಅದು ದೇವರಿಗೆ. ತಾಳದಂತೆ ತೆಳ್ಳಗೆ ನುಡಿದರೆ ಹೆಣ್ಣುಕಲ್ಲು, ಅದು ದೇವಿಗೆ. ಮಾತನ್ನೇ ಆಡದ ಕಲ್ಲು ಮೆಟ್ಟಿಲಿಗೆ. ಹೀಗೆ ಕಿವಿಯಿಂದ ಆರಂಭವಾದ ವಿದ್ಯೆ ಕೈಗೆ ಇಳಿಯಲು ಇಪ್ಪತ್ತು ವರ್ಷ ಹಿಡಿಯಿತು.

ವಿಗ್ರಹದ ಮೈಯೆಲ್ಲ ಮುಗಿದರೂ ಕಣ್ಣಿನ ಗೆರೆಗಳನ್ನು ಬಾಕಿ ಉಳಿಸುವುದು ಶಿಲ್ಪಿಗಳ ಪದ್ಧತಿ. ಪ್ರತಿಷ್ಠೆಯ ಬೆಳಗ್ಗೆ, ಮೊನೆಗೆ ಚಿನ್ನ ಕಟ್ಟಿಸಿದ ಸಣ್ಣ ಉಳಿಯಿಂದ ಆ ಗೆರೆ ಬಿಡಿಸಿ ದೇವರ ಕಣ್ಣು ತೆರೆಸಬೇಕು. ಕೂದಲೆಳೆಯಷ್ಟು ಜಾರಿದರೂ ಆ ಮೂರ್ತಿ ಪೂಜೆಗೆ ಬಾರದು, ನೀರಿಗೆ ಬಿಡಬೇಕಾಗುತ್ತದೆ. ನರಸಿಂಹಪ್ಪನವರು ತಾತನ ಕಾಲದ ಉಳಿಯಿಂದ ಮೂವತ್ತೈದು ವರ್ಷ ನೂರಾರು ಮೂರ್ತಿಗಳ ಕಣ್ಣು ತೆರೆಸಿದ್ದರು. ಒಮ್ಮೆಯೂ ಜಾರಿರಲಿಲ್ಲ.

ಆದರೆ ಎರಡು ವರ್ಷಗಳಿಂದ ಅವರ ಬಲಗೈ ನಡುಗತೊಡಗಿತ್ತು. ಕಾಫಿ ಲೋಟ ಹಿಡಿದರೆ ಕಾಫಿಯ ಮೇಲೆ ಸಣ್ಣ ಅಲೆ ಏಳುತ್ತಿತ್ತು. ಹೆಂಡತಿ ಗಂಗರತ್ನಮ್ಮನಿಗೂ ಅವರು ಹೇಳಲಿಲ್ಲ. ಕೇಳಿದರೆ ಚಳಿ ಎನ್ನುತ್ತಿದ್ದರು, ಬೇಸಿಗೆಯಲ್ಲಿ ಬೆಳಗಿನ ಗಾಳಿ ಎನ್ನುತ್ತಿದ್ದರು. ಉಳಿ ಹಿಡಿಯುವ ಮುನ್ನ ಉಸಿರು ಬಿಗಿಹಿಡಿದು ಹೇಗೋ ದಾಟಿಸುತ್ತಿದ್ದರು. ಅವರ ಶಿಷ್ಯ ಕದಿರೇಶ ಲಕ್ಕೂರಿನ ರಾಗಿಹೊಲದ ಮನೆಯವನು, ಮೂವತ್ತನಾಲ್ಕು ವರ್ಷದ ಗಂಡಸು. ಹದಿನಾರು ವರ್ಷ ಅವರ ಬಳಿ ದುಡಿದು ಅವರಷ್ಟೇ ನುರಿತಿದ್ದ. ಬೆರಳು, ಉಗುರು, ಆಭರಣ ಎಲ್ಲವನ್ನೂ ಅವನಿಗೆ ಬಿಡುತ್ತಿದ್ದ ಗುರು, ಮುಖದ ಮುಂದೆ ಬಂದಾಗ ಮಾತ್ರ, "ಏಳ್ಲಾ, ಕಣ್ಣು ನನ್ನದು" ಎಂದು ಎಬ್ಬಿಸುತ್ತಿದ್ದರು.

ಇಂಥ ದಿನಗಳಲ್ಲಿ ಇಟಲಿಯಿಂದ ಕರೆ ಬಂತು. ಮುಳಬಾಗಿಲಿನ ಅಮರನಾಥ್ ಅಲ್ಲಿನ ಚೀಸ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವರೂ ಅವರ ಜೊತೆಗಾರರೂ ಸೇರಿ ಬೆಟ್ಟದ ಬುಡದ ಊರಿನಲ್ಲಿ ಆಂಜನೇಯನಿಗೊಂದು ಗುಡಿ ಮಾಡಿದ್ದರು. ಶಿವಾರಪಟ್ಟಣದಲ್ಲಿ ಕಡೆದ ಮೂರಡಿಯ ಮೂರ್ತಿ ಹಡಗಿನಲ್ಲಿ ಹೋಯಿತು. ಕಣ್ಣು ತೆರೆಸಲು ಗುರುಶಿಷ್ಯರು ಫೆಬ್ರವರಿಯಲ್ಲಿ ವಿಮಾನ ಹತ್ತಿದರು.

ಶನಿವಾರ ಪ್ರತಿಷ್ಠೆ. ಗುರುವಾರವೇ ಉಳಿಗೆ ಪೂಜೆ ಮಾಡಿ ಅರಿಶಿನದ ದಾರ ಕಟ್ಟಿದ್ದಾಯಿತು. ದಾರ ಕಟ್ಟಿದ ಮೇಲೆ ಕಣ್ಣು ತೆರೆಯುವವರೆಗೂ ಉಳಿ ನೆಲ ಮುಟ್ಟಬಾರದು, ಪೆಟ್ಟಿಗೆ ಸೇರಬಾರದು, ಶಿಲ್ಪಿಯೊಬ್ಬನ ಮೈಮೇಲೆಯೇ ಇರಬೇಕು ಎಂಬುದು ಆ ಮನೆತನದ ಕಟ್ಟು. ನರಸಿಂಹಪ್ಪನವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ. ಈ ಊರಿನ ಚಳಿಯಲ್ಲಿ ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು.

ಶುಕ್ರವಾರ ಬೆಳಗ್ಗೆ ಅಮರನಾಥ್ ಮೂರು ಟಿಕೆಟ್ಟಿನ ಸುದ್ದಿ ತಂದರು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ. ಅದರ ಹೆಸರು ಕರ್ಲಿಂಗ್. ಆ ಕಲ್ಲು ಸಾಕ್ಷಾತ್ ಗ್ರಾನೈಟ್ ಎಂದು ಎಲ್ಲಿಯೋ ಓದಿದ್ದ ಕದಿರೇಶ, ಅದನ್ನು ಕಣ್ಣಾರೆ ನೋಡಬೇಕೆಂದು ಊರು ಬಿಟ್ಟಂದಿನಿಂದ ಜಪಿಸುತ್ತಿದ್ದ.

"ಆಚಾರ್ರೇ, ಒಂದರ ಮೇಲೊಂದು ಮೂರು ಹಾಕ್ಕೊಳ್ಳಿ" ಎಂದರು ಅಮರನಾಥ್. "ಒಳಗೆ ಉಣ್ಣೆ ಬನಿಯನ್ನು, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್ಟು. ಆಡೋರಿಗಿಂತ ನೋಡೋರಿಗೇ ಚಳಿ ಜಾಸ್ತಿ. ಅವರು ಓಡಾಡ್ತಾರೆ, ನಾವು ಕೂತಿರ್ತೀವಿ. ಆಟಕ್ಕೆ ಎರಡು ಗಂಟೆ ಮುಂಚೆ ಬಾಗಿಲಲ್ಲಿರ್ಬೇಕು."

"ಎರಡು ಗಂಟೆನಾ? ಮಾಲೂರಲ್ಲಿ ರೈಲು ಹಿಡಿಯೋಕೇ ನಾನು ಹತ್ತು ನಿಮಿಷ ಮುಂಚೆ ಹೋದೋನಲ್ಲ."

"ಮಾಲೂರ್ ರೈಲು ನಿಮಗೋಸ್ಕರ ಕಾಯುತ್ತೆ ಸ್ವಾಮಿ, ಇವರು ಕಾಯಲ್ಲ. ಕಾರು ಮೇಲಕ್ಕೆ ಬಿಡಲ್ಲ. ಬಸ್ಸು ಇಳಿದು ಮಂಜಲ್ಲಿ ನಡೀಬೇಕು. ಬ್ಯಾಗು ತೆಗೆದು ನೋಡ್ತಾರೆ. ಟಿಕೆಟ್ಟೆಲ್ಲಾ ಫೋನಲ್ಲೇ ಇರೋದು. ಚಳಿಗೆ ಫೋನು ಬೇಗ ಸತ್ತೋಗುತ್ತೆ ಅಂತ ಎದೆ ಹತ್ರ ಇಟ್ಕೊಂಡಿದೀನಿ."

"ಅಂದ್ರೆ ಫೋನಿಗೂ ಬಾಣಂತನ" ಎಂದ ಕದಿರೇಶ.

ಬಸ್ಸು ಸುತ್ತಿ ಸುತ್ತಿ ಮೇಲೇರಿದಂತೆ ಲೋಕದ ಬಣ್ಣಗಳೆಲ್ಲ ಒಂದೊಂದಾಗಿ ಕಳಚಿ ಬಿದ್ದವು. ಕೊನೆಗೆ ಉಳಿದದ್ದು ಬಿಳುಪು ಮತ್ತು ಬಂಡೆಗಳ ನಸುಗೆಂಪು. ಇಳಿದು ನಡೆಯುವಾಗ ನೂರಾರು ಜನ ಜೊತೆಗೂಡಿದರು. ಕೆನ್ನೆಗೆ ಬಾವುಟದ ಬಣ್ಣ ಬಳಿದುಕೊಂಡ ಮಕ್ಕಳು, ಹಸುವಿನ ಕೊರಳಗಂಟೆ ಹಿಡಿದ ಮುದುಕರು, ಯಾವ ಯಾವುದೋ ಭಾಷೆಯ ಹಾಡುಗಳು. ಆದರೂ ಹಿಮವು ಎಲ್ಲ ಸದ್ದನ್ನೂ ಹತ್ತಿಯಲ್ಲಿ ಸುತ್ತಿ ಇಟ್ಟಂತಿತ್ತು. ನರಸಿಂಹಪ್ಪನವರಿಗೆ ತಾವು ನಡೆಯುತ್ತಿದ್ದೇವೋ ತೇಲುತ್ತಿದ್ದೇವೋ ತಿಳಿಯಲಿಲ್ಲ. ಇಷ್ಟು ಬೆಳ್ಳಗಿನ ಕಲ್ಲುಪುಡಿ ಉದುರಬೇಕಾದರೆ ಮೇಲೆ ಕೂತು ಯಾರು ಏನನ್ನು ಕಡೆಯುತ್ತಿರಬಹುದು ಎಂದುಕೊಂಡರು.

ಬಾಗಿಲಲ್ಲಿ ತಪಾಸಣೆಯ ಕಮಾನು ಪೀಂ ಎಂದು ಕೂಗಿತು. ಮೂರು ಪದರಗಳ ಒಳಗಿನಿಂದ ಉಳಿ ಹೊರಬಂತು. ಕಾವಲಿನ ಹೆಣ್ಣುಮಗಳು ಅದನ್ನು ನೋಡಿ ವಿನಯದಿಂದಲೇ ತಲೆಯಾಡಿಸಿದಳು.

"ಮೊನಚಾದ್ದು ಯಾವುದನ್ನೂ ಒಳಗೆ ಬಿಡಲ್ಲ ಅಂತಾಳೆ. ಈ ಡಬ್ಬದಲ್ಲಿ ಹಾಕಿ ಹೋಗ್ಬೇಕಂತೆ" ಎಂದರು ಅಮರನಾಥ್.

"ಇದು ಆಯುಧ ಅಲ್ಲಮ್ಮ, ದೇವರ ಕಣ್ಣು" ಎಂದು ನರಸಿಂಹಪ್ಪನವರು ಆಕೆಗೇ ಕನ್ನಡದಲ್ಲಿ ವಿವರಿಸಿದರು.

"ಅಯ್ಯೋ ರಾಮ, ಇದನ್ನ ಇಟಲಿ ಭಾಷೇಲಿ ಎಂಗಪ್ಪ ಹೇಳ್ಲಿ ನಾನು?"

ಮೊದಲೇ ಆಟದಲ್ಲಿ ಮನಸ್ಸಿಲ್ಲದ ನರಸಿಂಹಪ್ಪನವರು ಒಂದು ಬಗೆಯ ನೆಮ್ಮದಿಯಿಂದಲೇ ಹಿಂದೆ ತಿರುಗಿದರು. "ನೀವಿಬ್ರೂ ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ."

ಕದಿರೇಶ ಅಡ್ಡ ನಿಂತ. "ಈ ಚಳೀಲಿ ನೀವು ಆಟ ಮುಗಿಯೋ ತನಕ ಹೊರಗಿರೋದಾ? ಕೊಡಿ ಇಲ್ಲಿ."

"ಲೇ, ಹದಿನೈದು ದಿನದಿಂದ ಕಲ್ಲು ನೋಡ್ಬೇಕು ಕಲ್ಲು ನೋಡ್ಬೇಕು ಅಂತ ತಲೆ ತಿಂದೋನು ನೀನು."

"ನೀವು ನೋಡಿ ಬಂದು ಹೇಳಿ ಗುರುಗಳೇ. ನಂಗೆ ಅಷ್ಟೇ ಸಾಕು."

ಅವನು ಕೈಗವುಸು ಕಳಚಿ ಎರಡೂ ಅಂಗೈ ಚಾಚಿದ. ನರಸಿಂಹಪ್ಪನವರಿಗೆ ಬಂದ ಮೇಲೆ ಆ ಉಳಿ ಇನ್ನೊಬ್ಬರ ಕೈಗೆ ಹೋದದ್ದು ಅದೇ ಮೊದಲು. ಕೊಡುವಾಗ ಗುರುವಿನ ಕೈ ನಡುಗಿತು. ಕದಿರೇಶ ಬೆಟ್ಟದ ಕಡೆ ನೋಡುತ್ತಿದ್ದ.

ಒಳಗೆ ಇನ್ನೊಂದು ಲೋಕ. ತಗ್ಗಿನಲ್ಲಿ ಉದ್ದುದ್ದನೆಯ ನಾಲ್ಕು ಮಂಜಿನ ಅಂಕಣಗಳು, ಒಂದೊಂದರ ಕೊನೆಗೂ ಒಳಗೊಂದು ಒಳಗೊಂದು ಬರೆದ ಬಣ್ಣದ ವೃತ್ತಗಳು. ಎತ್ತರದ ಬೆಳಕಿನಲ್ಲಿ ಅವು ಯಾರೋ ಮಲಗಿ ಕಾಣುತ್ತಿರುವ ಕನಸಿನಂತೆ ಹೊಳೆಯುತ್ತಿದ್ದವು. ಆಟಗಾರ್ತಿಯೊಬ್ಬಳು ಮಂಡಿಯೂರಿ, ಹಿಡಿಯುಳ್ಳ ದುಂಡು ಕಲ್ಲಿನೊಡನೆ ತಾನೂ ಜಾರಿ ಬಂದು, ಮೆಲ್ಲನೆ ಬೆರಳು ಬಿಡಿಸಿದಳು. ಇಪ್ಪತ್ತು ಕಿಲೋ ತೂಕದ ಕಲ್ಲು ತಾನೇ ತಾನಾಗಿ ಹೊರಟಿತು. ಮಂಜಿನ ಮೇಲೆ ಹನಿಹನಿಯಾಗಿ ನೀರು ಚಿಮುಕಿಸಿ ಹೆಪ್ಪುಗಟ್ಟಿಸಿದ್ದರಿಂದ ಅದರ ಅಡಿಯಿಂದ ದೂರದ ಗುಡುಗಿನಂಥ ಸದ್ದು ಬರುತ್ತಿತ್ತು. ಅದು ಹೋಗಿ ಇನ್ನೊಂದಕ್ಕೆ ತಾಕಿತು. ನರಸಿಂಹಪ್ಪನವರು ಕಣ್ಣು ಮುಚ್ಚಿದರು.

"ಗಂಡುಕಲ್ಲು" ಎಂದರು.

"ಆಚಾರ್ರೇ, ನೋಡೋಕೆ ಬಂದಿರೋದು, ಮಲಗೋಕಲ್ಲ."

"ಕೇಳ್ತಿದೀನಿ ಕಣಯ್ಯ. ಎಲ್ಲೀದು ಈ ಕಲ್ಲು?"

"ಸ್ಕಾಟ್ಲೆಂಡ್ ಕಡೆ ಸಮುದ್ರದ ಮಧ್ಯೆ ಒಂದು ದ್ವೀಪ ಇದೆಯಂತೆ, ಅಲ್ಲೀದು."

ಆಮೇಲೆ ಅವರ ಗಮನ ಬೇರೆಯದಕ್ಕೆ ಹೋಯಿತು. ಕಲ್ಲಿನ ಮುಂದೆ ಇಬ್ಬರು ಆಟಗಾರ್ತಿಯರು ಉದ್ದ ಹಿಡಿಯ ಕುಂಚಗಳಿಂದ ಮಂಜನ್ನು ಬಿರುಸಾಗಿ ಉಜ್ಜುತ್ತ ಓಡುತ್ತಿದ್ದರು. ಬಿಟ್ಟವಳು ಹಿಂದೆಯೇ ನಿಂತು ಕೂಗಿ ಹೇಳುತ್ತಿದ್ದಳು. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ, ನೇರ ಹೋಗುತ್ತದೆ, ಆದರೆ ಕಲ್ಲನ್ನು ಅವರು ಮುಟ್ಟುವಂತಿಲ್ಲ ಎಂದು ಅಮರನಾಥ್ ವಿವರಿಸಿದರು. ನರಸಿಂಹಪ್ಪನವರು ಮುಂದಕ್ಕೆ ಬಾಗಿದರು. ಎಂಥ ವಿಚಿತ್ರ ವೃತ್ತಿ! ತಾವು ಮುಟ್ಟುವಂತಿಲ್ಲದ ಕಲ್ಲಿಗಾಗಿ ಬೆವರು ಸುರಿಸುವುದು.

ಆಟ ಕೊನೆಗೆ ಬರುವ ಹೊತ್ತಿಗೆ ಎರಡೂ ತಂಡ ಸಮಸಮ ನಿಂತವು. ನೀಲಿ ಅಂಗಿಯವರು ಬಿಟ್ಟ ಕಲ್ಲು ವೃತ್ತದ ನಡುವಿಗೇ ಗುರಿಯಿಟ್ಟು ಹೊರಟಿತ್ತು. ಜನ ಎದ್ದು ನಿಂತಿದ್ದರು, ಗಂಟೆಗಳು ಮೊಳಗುತ್ತಿದ್ದವು. ಅಷ್ಟರಲ್ಲಿ ಉಜ್ಜುತ್ತಿದ್ದವಳೊಬ್ಬಳು ಥಟ್ಟನೆ ನಿಂತು ಕೈಯೆತ್ತಿದಳು. ಅವಳ ತಂಡದವರೇ ಓಡುತ್ತಿದ್ದ ಕಲ್ಲನ್ನು ತಡೆದು ಬದಿಗೆ ಸರಿಸಿಬಿಟ್ಟರು.

"ಏನಾಯ್ತು?"

"ಕುಂಚ ಕಲ್ಲಿಗೆ ತಾಗಿತಂತೆ. ಹಂಗಾದ್ರೆ ಆ ಕಲ್ಲು ಹೋಯ್ತು."

"ಯಾರು ನೋಡಿದ್ರು?"

"ಯಾರೂ ನೋಡ್ಲಿಲ್ಲ. ಅವಳೇ ಹೇಳಿದ್ಳು. ಈ ಆಟದಲ್ಲಿ ಅದೇ ಮರ್ಯಾದೆ ಅಂತೆ, ತಪ್ಪು ಮಾಡಿದೋರೇ ಕೈ ಎತ್ಬೇಕು."

ನೀಲಿಯವರು ಸೋತರು. ಕೈಯೆತ್ತಿದವಳ ಹತ್ತಿರ ಎದುರಾಳಿಗಳು ಬಂದು ಕೈಕುಲುಕಿದರು. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ನರಸಿಂಹಪ್ಪನವರು ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಅದು ನಡುಗುತ್ತಿತ್ತು. ಸಾವಿರಾರು ಜನರ ನಡುವೆ, ಭಗವಂತನ ಎದುರು ಬೆತ್ತಲೆ ನಿಂತಂತೆ, ಅವರು ಅದನ್ನು ಮೊದಲ ಬಾರಿಗೆ ಮುಚ್ಚದೆ ನಡುಗಲು ಬಿಟ್ಟರು.

ಹೊರಗೆ ಬಿಸಿಲು ಇಳಿದು ಬೆಟ್ಟದ ನೆತ್ತಿಗಳು ಮಾತ್ರ ಕೆಂಡದಂತೆ ಉರಿಯುತ್ತಿದ್ದವು. ಬೇಲಿಯ ಪಕ್ಕ ಕದಿರೇಶ ನಿಂತಿದ್ದ. ಹೆಗಲ ಮೇಲೆ, ಟೋಪಿಯ ಮೇಲೆ ಹಿಮ. ಒಂದು ಕೈ ಜಾಕೆಟ್ಟಿನೊಳಗೆ ಎದೆಯ ಮೇಲಿತ್ತು.

"ಹೇಗಿತ್ತು ಗುರುಗಳೇ ಕಲ್ಲು?"

"ಕಲ್ಲಿನ ವಿಷ್ಯ ಆಮೇಲೆ. ಕದಿರೇಶ, ನನ್ನ ಕೈ ನಡುಗುತ್ತೆ."

"ಗೊತ್ತು."

"ಚಳಿಗಲ್ಲ ಕಣೋ."

"ಗೊತ್ತು ಗುರುಗಳೇ. ಎರಡು ವರ್ಷದಿಂದ."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯೇನ್ಲಾ?"

"ನಿಮ್ಮ ಕೈ. ನೀವೇ ಹೇಳ್ಬೇಕಿತ್ತು" ಎಂದು ಕದಿರೇಶ ಉಳಿಯನ್ನು ಹೊರತೆಗೆದು ಚಾಚಿದ. ಅವನ ಎದೆಯ ಬಿಸಿಗೆ ಅದು ಬೆಚ್ಚಗಿತ್ತು. ನರಸಿಂಹಪ್ಪನವರು ಅದನ್ನು ಮುಟ್ಟಲಿಲ್ಲ; ಅವನ ಬೆರಳುಗಳನ್ನೇ ಅದರ ಸುತ್ತ ಮಡಿಚಿದರು.

"ನಾಳೆ ನೀನೇ ಕೂರು."

"ನಮ್ಮದು ರಾಗಿ ಬೆಳೆಯೋ ಮನೆ ಗುರುಗಳೇ. ಊರಲ್ಲಿ ಏನಂತಾರೆ?"

"ಊರಿಗೆ ನಾನು ಹೇಳ್ತೀನಿ. ಮೊದಲು ಟೀ ಕುಡಿ, ತುಟಿ ನೀಲಿಯಾಗಿದೆ."

ಶನಿವಾರ ಬೆಳಗ್ಗೆ ಗುಡಿಯ ಕಿಟಕಿಗಳ ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಕದಿರೇಶ ಮೂರ್ತಿಯ ಎದುರು ಕುಳಿತ. ಉಳಿಯ ಮೊನೆಯನ್ನು ಕಲ್ಲಿಗೆ ತಾಕಿಸಿದ. ಪಕ್ಕದಲ್ಲಿ ನರಸಿಂಹಪ್ಪನವರು ಮೃದುವಾದ ಕುಂಚ ಹಿಡಿದು, ಏಳುತ್ತಿದ್ದ ಪುಡಿಯನ್ನು ಮೊನೆಯ ಮುಂದಿನಿಂದ ಎಳೆ ಎಳೆಯಾಗಿ ಸರಿಸುತ್ತಿದ್ದರು. ಆ ಕೆಲಸಕ್ಕೆ ಕೈ ನಡುಗಿದರೂ ಅಡ್ಡಿಯಿಲ್ಲ. ಶಿಷ್ಯನಿಗೆ ಗೆರೆ ಸ್ಪಷ್ಟವಾಗಿ ಕಂಡರೆ ಆಯಿತು. ಎಡಗಣ್ಣು ಮುಗಿಯಿತು, ಬಲಗಣ್ಣು ಮುಗಿಯಿತು. ದೇವರ ಮೊದಲ ನೋಟ ಬೀಳಲೆಂದು ಅಮರನಾಥ್ ಮೂರ್ತಿಯ ಎದುರಿಗೆ ಕನ್ನಡಿ ಹಿಡಿದರು. ಮುಳಬಾಗಿಲಿನಿಂದ ಎಷ್ಟೋ ದೂರದ ಆ ಊರಿನಲ್ಲಿ ಆಂಜನೇಯ ಕಣ್ಣು ತೆರೆದ. ಗೆರೆ ಕೂದಲೆಳೆಯಷ್ಟೂ ಜಾರಿರಲಿಲ್ಲ. ಫೋನಿನ ಪರದೆಯಲ್ಲಿ ಎಲ್ಲವನ್ನೂ ನೋಡುತ್ತಿದ್ದ ಗಂಗರತ್ನಮ್ಮ, "ಉಳಿ ಕದಿರೇಶನ ಕೈಲಿದೆಯಲ್ಲ" ಎಂದಳು. "ಹೌದು, ನನ್ನ ಕೈ ನಡುಗುತ್ತೆ" ಎಂದರು ನರಸಿಂಹಪ್ಪನವರು. "ಈಗಾದ್ರೂ ಹೇಳಿದ್ರಲ್ಲ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೇಳಿದಿರಲ್ಲ, ಬಂಧುಗಳೇ. ನಿಮ್ಮ ಮನೆಯಲ್ಲಿ, ನಿಮ್ಮ ಕಸುಬಿನಲ್ಲಿ, ನಿಮ್ಮ ಕೈ ಎಲ್ಲಿ ನಡುಗುತ್ತಿದೆಯೆಂದು ನಿಮಗೆ ತಿಳಿದೇ ಇದೆ. ಇಂದೇ ಒಬ್ಬರ ಮುಂದೆ ಅದನ್ನು ಬಾಯಿಬಿಟ್ಟು ಹೇಳಿರಿ. ಕಾದು ನಿಂತಿರುವ ಕೈಗೆ ಕೆಲಸವನ್ನು ಒಪ್ಪಿಸಿರಿ. ಒಪ್ಪಿಸಿ ಎದ್ದು ಹೋಗಬೇಡಿರಿ. ಪಕ್ಕದಲ್ಲೇ ಕುಳಿತು ಅವರ ಮುಂದಿನ ಧೂಳನ್ನು ಪ್ರೀತಿಯಿಂದ ಸರಿಸುತ್ತಾ ಇರಿ.