ಖಾಲಿ ಬಾಟಲಿಗೆ ಮಾತ್ರ ಪ್ರವೇಶ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷ ಡ್ಯೂಟಿಯ ಹೊತ್ತಿನಲ್ಲಿ ನೀರು ಕುಡಿಯುತ್ತಲೇ ಇರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗ ಬೇಕು. ಡ್ರೈವರಿಗಾದರೆ ಒಂದು ಬೇಲಿಯ ಮರೆ ಸಾಕು. ನನಗೆ ತರೀಕೆರೆ ಬಿಟ್ಟರೆ ಅಜ್ಜಂಪುರ, ಅಜ್ಜಂಪುರ ಬಿಟ್ಟರೆ ಬೀರೂರು, ಆಮೇಲೆ ಕಡೂರು. ನಡುವೆ ಏನಾದರೂ ಹಲ್ಲು ಕಚ್ಚಿಕೊಂಡು ನಿಂತಿರಬೇಕು. ಹಾಗೆ ನಿಂತಿದ್ದಕ್ಕೆ ಒಂದು ದಿನ ಸೊಂಟದ ಹಿಂದೆ ಚೂರಿ ಹಾಕಿದಂಥ ನೋವು ಬಂತು. ಅದೇ ಸಂಜೆ ತರೀಕೆರೆಯ ಡಾಕ್ಟರ ಮುಂದೆ ಮುದುಡಿಕೊಂಡು ಮಲಗಿದ್ದೆ. ಕಿಡ್ನಿಯಲ್ಲಿ ಕಲ್ಲು.

"ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕಮ್ಮ. ಮಾತ್ರೆಗಿಂತ ಅದೇ ಮುಖ್ಯ" ಅಂದರು ಡಾಕ್ಟರು.

ಅಂದಿನಿಂದ ಒಂದು ಲೀಟರಿನ ಸ್ಟೀಲ್ ಬಾಟಲಿಯನ್ನು ಬಿಟ್ಟು ನಾನು ಹೊಸ್ತಿಲು ದಾಟಿದವಳಲ್ಲ. ಇದನ್ನು ಮೊದಲೇ ಹೇಳಿದ್ದೇಕೆಂದರೆ, ಒಂದು ನೀರಾಟದ ಪಾರ್ಕಿನಲ್ಲಿ ನಾನು ಜಗಳ ಆಡಿದ್ದನ್ನು ಕಂಡವರು "ಕಂಡಕ್ಟರಮ್ಮ ಅಲ್ವಾ, ಬಾಯಿ ಜೋರು" ಅಂದುಕೊಂಡಿರಬಹುದು. ಬಾಯಿ ಜೋರೇ, ಇಲ್ಲ ಅನ್ನುವುದಿಲ್ಲ. ಆದರೆ ಬಾಯಾರಿಕೆ ಅಂದರೆ ಏನು, ಅದನ್ನು ತಡೆದುಕೊಂಡರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿರುವಷ್ಟು ಅಲ್ಲಿನ ಮ್ಯಾನೇಜರಿಗೆ ಗೊತ್ತಿರಲಿಲ್ಲ.

ನಾನು ಓಡಾಡುವ ಹೆದ್ದಾರಿಯ ಬದಿಯಲ್ಲೇ ಆ ನೀರಾಟದ ಪಾರ್ಕು ಆಯಿತು. ರಸ್ತೆಯಿಂದಲೇ ಕಾಣುವಂತೆ ಕೆಂಪು, ಹಳದಿ ಜಾರುಬಂಡೆಗಳು, ಅಣಬೆಯ ಹಾಗೆ ನಿಂತು ನೀರು ಸುರಿಯುವ ಛತ್ರಿಗಳು. ಎಂಟನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ಅದೇ ಧ್ಯಾನ. ಕ್ಲಾಸಿನ ಹುಡುಗಿಯರೆಲ್ಲ ಹೋಗಿ ಬಂದಿದ್ದಾರೆ, ಅವಳೊಬ್ಬಳೇ ಬಾಕಿ. ಪರೀಕ್ಷೆ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೆ. ಏಪ್ರಿಲ್ ತಿಂಗಳಲ್ಲಿ ನನ್ನ ವಾರದ ರಜೆಯ ದಿನ ಹೊರಟೆವು. ಚೌಳಹಿರಿಯೂರಿನಿಂದ ನಮ್ಮವ್ವ ಬಂದಿದ್ದಳು, ಅವಳೂ ಹೊರಟಳು. ಅವ್ವನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಆಟ ಆಡುವವಳಲ್ಲ. "ನೀವು ಜಾರ್ಕೊಂಡು ಬೀಳೋದನ್ನ ನೋಡ್ತಾ ಕೂತಿರ್ತೀನಿ" ಅಂದಳು.

ಬೆಳಿಗ್ಗೆ ಎದ್ದು ಅವ್ವ ಜೀರಿಗೆ ಹಾಕಿ ಕುದಿಸಿದ ನೀರನ್ನು ಒಂದು ಬಾಟಲಿಗೆ ತುಂಬಿದಳು. ಎರಡು ಲೀಟರಿನ ಕ್ಯಾನಿಗೆ ಮಜ್ಜಿಗೆ: ಇಂಗು, ಕರಿಬೇವು, ಜಜ್ಜಿದ ಹಸಿಶುಂಠಿ. ನನ್ನ ಸ್ಟೀಲ್ ಬಾಟಲಿ ಇದ್ದೇ ಇತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ, ಮೂವರಿಗೂ ಸೊನ್ನೆ ಟಿಕೆಟ್. ಹನ್ನೊಂದು ಗಂಟೆಗೆ ಗೇಟಿನ ಮುಂದಿನ ಸಾಲಿನಲ್ಲಿದ್ದೆವು.

ಟಿಕೆಟ್ ಹರಿದು, ಕೈಗೆ ಕಾಗದದ ಪಟ್ಟಿ ಕಟ್ಟಿದ ಮೇಲೆ ಸೆಕ್ಯೂರಿಟಿಯವನು ಬ್ಯಾಗ್ ತೆಗೆಯಿರಿ ಅಂದ. ಕ್ಯಾನು, ಎರಡು ಬಾಟಲಿ, ಎಲ್ಲವನ್ನೂ ಹೊರಗಿಟ್ಟ.

"ಇದೆಲ್ಲ ಒಳಗೆ ಬಿಡಲ್ಲ ಕಣ್ರೀ. ಅಲ್ಲಿ ಸುರೀರಿ." ಗೇಟಿನ ಪಕ್ಕ ಒಂದು ದೊಡ್ಡ ನೀಲಿ ಡ್ರಮ್ಮಿತ್ತು. ಅದರೊಳಗೆ ಯಾರ್ಯಾರದೋ ಮನೆಯ ನೀರು, ಪಾನಕ, ಮಗುವಿಗೆ ಬೆರೆಸಿಟ್ಟ ಹಾಲು ಕೂಡ.

"ಕುಡಿಯೋ ನೀರಪ್ಪ ಇದು" ಅಂದೆ.

"ಖಾಲಿ ಬಾಟ್ಲಿ ತಗೊಂಡು ಹೋಗಿ, ಬೇಡ ಅನ್ನಲ್ಲ. ತುಂಬಿದ್ದು ಬಿಡಂಗಿಲ್ಲ. ರೂಲ್ಸು."

"ಟಿಕೆಟ್ ಕೊಡೋಕೆ ಮೊದ್ಲು ಹೇಳ್ಬೇಕಿತ್ತಲ್ಲ?"

ಅವನು ತಲೆಯ ಮೇಲಿನ ಬೋರ್ಡು ತೋರಿಸಿದ. ಹತ್ತು ಸಾಲಿನ ಆ ಬೋರ್ಡು ಇದ್ದದ್ದು ಟಿಕೆಟ್ ಕೌಂಟರಿನ ಈಚೆಗೆ, ದುಡ್ಡು ಕೊಟ್ಟು ಒಳಗೆ ಬಂದವರಿಗೆ ಮಾತ್ರ ಕಾಣುವ ಹಾಗೆ. ಟಿಕೆಟ್ ವಾಪಸ್ ತಗೊಳ್ಳಿ ಅಂದೆ. ಪಟ್ಟಿ ಕಟ್ಟಿದ ಮೇಲೆ ವಾಪಸ್ ಇಲ್ಲ ಅಂದ.

ನಾನು ಇನ್ನೂ ವಾದ ಮಾಡುತ್ತಿರುವಾಗಲೇ ಅವ್ವ ಕ್ಯಾನಿನ ಮುಚ್ಚಳ ತೆಗೆದಳು. ಸುರಿಯುತ್ತಾಳೇನೋ ಅಂದುಕೊಂಡೆ. ಅವಳು ಮುಚ್ಚಳಕ್ಕೆ ಮಜ್ಜಿಗೆ ಬಗ್ಗಿಸಿ ಹಿಂದೆ ನಿಂತಿದ್ದ ಹೆಂಗಸಿಗೆ ಕೊಟ್ಟಳು. "ತಗೋ ತಾಯಿ, ಕುಡಿ. ಮಜ್ಜಿಗೆ ಮಣ್ಣಿಗೆ ಹಾಕೋಕೆ ನಮ್ಮ ಕೈ ಬರಲ್ಲ." ಆ ಹೆಂಗಸು ಕುಡಿದಳು, ಅವಳ ಗಂಡ ಕುಡಿದ, ಅವರ ಹಿಂದಿನವರು ಕೈಯೊಡ್ಡಿದರು. ಸಾಲು ನಿಂತೇ ಹೋಯಿತು. ಕೊನೆಗೆ ಅವ್ವ ಸೆಕ್ಯೂರಿಟಿಯವನ ಕಡೆಗೂ ಮುಚ್ಚಳ ಚಾಚಿದಳು. ಅವನು ಆ ಕಡೆ ಈ ಕಡೆ ನೋಡಿ ಗಟಗಟ ಕುಡಿದು ಮೀಸೆ ಒರೆಸಿಕೊಂಡ. ಕುಡಿದಾದ ಮೇಲೂ ಅವ್ವನ ಜೀರಿಗೆ ನೀರನ್ನೂ ನನ್ನ ಸ್ಟೀಲ್ ಬಾಟಲಿಯ ನೀರನ್ನೂ ಡ್ರಮ್ಮಿಗೆ ಸುರಿಸಿಯೇ ಒಳಗೆ ಬಿಟ್ಟ. ಅವನ ತಪ್ಪಲ್ಲ, ಅವನದು ಸಂಬಳದ ಕೆಲಸ ಅಂತ ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ.

ಒಳಗೆ ಎಲ್ಲಿ ನೋಡಿದರೂ ನೀರು. ಛತ್ರಿಯಿಂದ, ಆನೆಯ ಸೊಂಡಿಲಿನಿಂದ, ಕಲ್ಲಿನ ಗೋಡೆಯಿಂದ ಧಾರಾಳವಾಗಿ ಸುರಿಯುತ್ತಿತ್ತು. ಕುಡಿಯುವ ನಲ್ಲಿ ಮಾತ್ರ ಒಂದೂ ಕಾಣಲಿಲ್ಲ. ಮಗಳು ಜಾರುಬಂಡೆ ಹತ್ತಿದಳು. ಅವ್ವನನ್ನು ತಗಡಿನ ನೆರಳಿನಲ್ಲಿ ಕೂರಿಸಿ ನಾನು ನೀರು ಹುಡುಕಿಕೊಂಡು ಹೊರಟೆ.

ಸಿಕ್ಕಿದ್ದು ಒಂದು ಕೌಂಟರು. ಅಂಗೈಯಲ್ಲಿ ಮುಚ್ಚಿಹೋಗುವಂಥ ಅರ್ಧ ಲೀಟರಿನ ಬಾಟಲಿಗೆ ಅರವತ್ತು ರೂಪಾಯಿ. ಒಂದು ಲೀಟರಿನದು ಇಡುವುದೇ ಇಲ್ಲವಂತೆ. ಪಕ್ಕದಲ್ಲಿ ದೊಡ್ಡ ಬಣ್ಣದ ಚಿತ್ರ: ಸ್ಟ್ರಾ ಹಾಕಿದ ಉದ್ದನೆಯ ಕಪ್ಪು, "ಒಮ್ಮೆ ಕೊಳ್ಳಿ, ದಿನಪೂರ್ತಿ ಉಚಿತ ರೀಫಿಲ್." ಮುನ್ನೂರು ರೂಪಾಯಿ. ಮೂರು ಜನಕ್ಕೆ ಒಂದು ಕಪ್ಪು ಸಾಕು, ದಿನವೆಲ್ಲ ತುಂಬಿಸಿಕೊಂಡರೆ ಮೋಸವಿಲ್ಲ ಅಂದುಕೊಂಡು ಕೊಂಡೆ. ಜಾಣೆ ನಾನು! ಹದಿಮೂರು ವರ್ಷ ಚಿಲ್ಲರೆ ಎಣಿಸಿದವಳು!

"ಇದಕ್ಕೆ ನೀರು ತುಂಬಿಸಿ ಕೊಡಮ್ಮ" ಅಂದೆ, ಕೌಂಟರಿನ ಹುಡುಗಿಗೆ.

"ನೀರು ಬರಲ್ಲ ಅಕ್ಕ. ಕೂಲ್ ಡ್ರಿಂಕ್ಸ್ ಮಾತ್ರ." ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರ ತೋರಿಸಿದಳು. ನೀರಿಗೆ ಅನ್ವಯಿಸುವುದಿಲ್ಲ. ಒಬ್ಬರ ಕಪ್ಪು ಇನ್ನೊಬ್ಬರು ಬಳಸುವಂತಿಲ್ಲ. ಎರಡು ರೀಫಿಲ್ ನಡುವೆ ಅರ್ಧ ಗಂಟೆ ಬಿಡಬೇಕು.

ಅವ್ವನಿಗೆ ಸಕ್ಕರೆ ಕಾಯಿಲೆ. ನನಗೆ ಡಾಕ್ಟರು ಅಂಥ ಬಣ್ಣದ ಪಾನೀಯ ಮುಟ್ಟಬೇಡ ಅಂದಿದ್ದಾರೆ. ಕಪ್ಪೇನೋ ಮಗಳ ಪಾಲಾಯಿತು. ಅರವತ್ತರದು ಒಂದು ಬಾಟಲಿ ಕೊಂಡು ಅವ್ವನಿಗೆ ಕೊಟ್ಟೆ. ಬೆಲೆ ಕೇಳಿದವಳೇ ಅವಳು ಹನಿ ಹನಿಯಾಗಿ ಕುಡಿಯತೊಡಗಿದಳು.

"ಬಸ್ಸಿಗೆ ದುಡ್ಡಿಲ್ಲ, ನೀರಿಗೆ ದುಡ್ಡು! ಎಮ್ಮೆದೊಡ್ಡಿ ಕಾವಲ್ನಲ್ಲಿ ಮೇಯೋ ದನಕ್ಕೂ ನೀರಿನ ತೊಟ್ಟಿ ಕಟ್ಟಿಸಿದ್ರು ಕಣೇ. ಯಾರ ದನ ಅಂತ ಕೇಳ್ತಿರ್ಲಿಲ್ಲ."

"ಕುಡಿಯವ್ವ, ಇನ್ನೊಂದು ತರ್ತೀನಿ."

"ಬೇಡ, ಬೇಡ. ನಂಗೇನು ದಾಹ ಇಲ್ಲ."

ಅದು ಸುಳ್ಳು ಅಂತ ನನಗೆ ಗೊತ್ತಾಗಬೇಕಿತ್ತು. ಮಗಳ ಒತ್ತಾಯಕ್ಕೆ ನಾನೂ ಒಂದೆರಡು ಆಟ ಆಡಿ, ಒದ್ದೆ ಬಟ್ಟೆಯಲ್ಲಿ ವಾಪಸ್ ಬರುವಾಗ ಎರಡು ಗಂಟೆಯಾಗಿತ್ತು. ಅವ್ವ ಬೆಂಚಿನ ಮೇಲೆ ಒಂದು ಕಡೆಗೆ ವಾಲಿದ್ದಳು. ಮುಖ ಬಿಳಿಚಿಕೊಂಡು, ತುಟಿ ಒಣಗಿ ಅಂಟಿಕೊಂಡಿತ್ತು. ಬಾಟಲಿಯಲ್ಲಿ ಎರಡು ಗುಟುಕು ಹಾಗೇ ಉಳಿದಿತ್ತು. ನಮಗೆ ಅಂತ ಇಟ್ಟಿದ್ದಳು.

ಆ ಎರಡು ಗುಟುಕನ್ನು ಅವಳಿಗೆ ಕುಡಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿ, ಖಾಲಿ ಸ್ಟೀಲ್ ಬಾಟಲಿ ಹಿಡಿದು ಓಡಿದೆ. ಆಟಕ್ಕೆ ಇಳಿಯುವ ಮೊದಲು ಪರ್ಸನ್ನು ಲಾಕರಿನಲ್ಲಿ ಇಟ್ಟಿದ್ದೆ. ಲಾಕರು ಗೇಟಿನ ಹತ್ತಿರ. ಕೌಂಟರಿನ ಮುಂದೆ ಉದ್ದ ಸಾಲು.

"ನಮ್ಮವ್ವನಿಗೆ ತಲೆ ಸುತ್ತು ಬಂದಿದೆ. ಒಂದು ಲೋಟ ನೀರು ಕೊಡು, ದುಡ್ಡು ಆಮೇಲೆ ತಂದು ಕೊಡ್ತೀನಿ" ಅಂದೆ. ಪಕ್ಕದಲ್ಲಿ ನಿಂತಿದ್ದ ಸೂಪರ್‌ವೈಸರು ಬಿಲ್ ಇಲ್ಲದೆ ಕೊಡುವಂತಿಲ್ಲ ಅಂದ. ಆ ಹುಡುಗಿ ನನ್ನ ಮುಖವನ್ನೇ ನೋಡಿದಳು. ಅವನು ಅತ್ತ ತಿರುಗಿದ ಕೂಡಲೆ ಮುಂದಕ್ಕೆ ಬಾಗಿದಳು.

"ಅಕ್ಕ, ನೀವು ತರೀಕೆರೆ ಬಸ್ಸಿನ ಕಂಡಕ್ಟರಲ್ವಾ? ಕ್ಯಾಂಟೀನ್ ಹಿಂದುಗಡೆ ನಲ್ಲಿ ಇದೆ. ಫಿಲ್ಟರ್ ನೀರು, ಸ್ಟಾಫಿಗೆ. ನಾನು ಹೇಳ್ದೆ ಅನ್ಬೇಡಿ."

ಕ್ಯಾಂಟೀನಿನ ಹಿಂದೆ ಒಂದು ಹಸಿರು ತಟ್ಟಿ ಕಟ್ಟಿದ್ದರು. ಅದನ್ನು ಸರಿಸಿದರೆ ನಾಲ್ಕು ನಲ್ಲಿಗಳ ಒಳ್ಳೆಯ ಸ್ಟೀಲ್ ಟ್ಯಾಂಕು. ತಣ್ಣನೆಯ ನೀರು! ಬಾಟಲಿ ತುಂಬಿಸಿಕೊಂಡು ಓಡಿ ಬಂದು ಅವ್ವನಿಗೆ ಕುಡಿಸಿದೆ, ಮುಖಕ್ಕೆ ತಟ್ಟಿದೆ, ನೆತ್ತಿಗೆ ಹಾಕಿದೆ. ಒಂದು ಲೀಟರೂ ಖಾಲಿಯಾಯಿತು. ಸ್ವಲ್ಪ ಹೊತ್ತಿಗೆ ಅವಳ ಮುಖಕ್ಕೆ ಬಣ್ಣ ಬಂತು. "ಏನಾಯ್ತೇ, ನಿದ್ದೆ ಬಂದ್ಬಿಟ್ಟಿತ್ತು" ಅಂದಳು. ಅಳು ಬರಬೇಕಿದ್ದ ಕಡೆ ನನಗೆ ಕೋಪ ಬಂತು. ಅಂಥ ಕೋಪ ಜೀವಮಾನದಲ್ಲಿ ಬಂದಿರಲಿಲ್ಲ. ನೀರು ಇಲ್ಲದೆ ಇದ್ದಿದ್ದರೆ ಬೇರೆ ಮಾತು. ಇತ್ತು. ನಮ್ಮ ಬೆಂಚಿನಿಂದ ನೂರು ಹೆಜ್ಜೆಗೆ ಇತ್ತು. ತಟ್ಟಿ ಕಟ್ಟಿ ಮುಚ್ಚಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಊರು ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ಅಲ್ಲೇ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದೆ: "ಕುಡಿಯೋ ನೀರು ಕ್ಯಾಂಟೀನ್ ಹಿಂದೆ ಇದೇ! ದುಡ್ಡು ಕೊಡ್ಬೇಕಿಲ್ಲ! ಖಾಲಿ ಬಾಟ್ಲಿ ಇರೋರೆಲ್ಲ ಬನ್ನೀ!"

ಮೊದಲು ಎದ್ದವಳು ಬೆಳಿಗ್ಗೆ ಮಜ್ಜಿಗೆ ಕುಡಿದ ಹೆಂಗಸು. ಆಮೇಲೆ ಮಕ್ಕಳನ್ನು ಎತ್ತಿಕೊಂಡವರು, ಅಜ್ಜಂದಿರು, ಕಾಲೇಜು ಹುಡುಗಿಯರು. ಹತ್ತು ನಿಮಿಷದಲ್ಲಿ ತಟ್ಟಿ ನೆಲಕ್ಕೆ ಬಿತ್ತು, ನಲ್ಲಿಯ ಮುಂದೆ ಸಾಲು ನಿಂತಿತು. ವಾಕಿಟಾಕಿ ಹಿಡಿದ ಮ್ಯಾನೇಜರು ಓಡಿ ಬಂದ. ನನಗಿಂತ ಚಿಕ್ಕವನು.

"ಮೇಡಂ, ಇದು ಸ್ಟಾಫ್ ಏರಿಯಾ."

"ಬಾಯಾರಿಕೆ ಸ್ಟಾಫಿಗೆ ಮಾತ್ರ ಆಗುತ್ತೇನಪ್ಪಾ?"

"ಹಾಗಲ್ಲ ಮೇಡಂ. ಹೊರಗಿನ ನೀರು ಬೇಡ ಅನ್ನೋದು ನಿಮ್ಮ ಆರೋಗ್ಯಕ್ಕೇ..."

"ಅಲ್ಲಿ ಬೆಂಚಿನ ಮೇಲೆ ಕೂತವ್ಳೆ ನೋಡು, ನಮ್ಮವ್ವ. ಹೋಗಿ ಅವಳಿಗೆ ಹೇಳು ಆರೋಗ್ಯದ ವಿಚಾರ."

ಅವನು ದನಿ ತಗ್ಗಿಸಿದ. ನನ್ನನ್ನು ಪಕ್ಕಕ್ಕೆ ಕರೆದು, ಮೂರು ಜನಕ್ಕೂ ಊಟದ ಕೂಪನ್ನು, ಬೇಕಾದಷ್ಟು ನೀರಿನ ಬಾಟಲಿ ಕೊಡುತ್ತೇನೆ, ಇವರನ್ನೆಲ್ಲ ಕಳಿಸಿಬಿಡಿ ಅಂದ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಆಸೆಯಾಯಿತು. ಅವ್ವ ಏನೂ ತಿಂದಿರಲಿಲ್ಲ. ಮಗಳು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಆದರೆ ಕಳಿಸಿ ಅಂದದ್ದು ಯಾರನ್ನು? ಅಂಗಿಯ ಚುಂಗು ಹಿಡಿದ ಕೂಸುಗಳನ್ನು ಕಟ್ಟಿಕೊಂಡು ಸಾಲಿನಲ್ಲಿ ನಿಂತ ಜನರನ್ನು.

"ನಿನ್ನ ಕೂಪನ್ ನೀನೇ ಇಟ್ಕೋ. ಇವರೆಲ್ಲ ತುಂಬಿಸ್ಕೊಳ್ಳೋವರೆಗೂ ನಾನು ಇಲ್ಲಿಂದ ಕದಲಲ್ಲ."

ಕದಲಲಿಲ್ಲ. ನಾಲ್ಕು ಗಂಟೆಯವರೆಗೆ ಆ ನಲ್ಲಿಯ ಪಕ್ಕದಲ್ಲಿ, ಬಸ್ಸಿನ ಬಾಗಿಲಲ್ಲಿ ನಿಲ್ಲುವ ಹಾಗೆ ನಿಂತಿದ್ದೆ.

ವಾಪಸ್ ಬರುವಾಗ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. "ಎಲ್ರೂ ನನ್ನೇ ನೋಡ್ತಿದ್ರು. ಇನ್ನು ನಿನ್ನ ಜೊತೆ ಎಲ್ಲಿಗೂ ಬರಲ್ಲ" ಅಂದಳು. ಅಷ್ಟು ದಿನ ಕಾದಿದ್ದ ಅವಳ ದಿನ ಹಾಳಾಗಿದ್ದು ನಿಜ. ಅದಕ್ಕೂ ಆ ಪಾರ್ಕಿನವರ ಮೇಲೆಯೇ ನನಗೆ ಸಿಟ್ಟು.

ಮರುವಾರ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆ. ಮುದ್ರೆ ಒತ್ತಿ ಪ್ರತಿ ಕೊಟ್ಟರು. ಉತ್ತರ ಬಂದಿಲ್ಲ.

ಎರಡು ತಿಂಗಳ ಮೇಲೆ ಆ ಕೌಂಟರಿನ ಹುಡುಗಿ ಅಜ್ಜಂಪುರದಲ್ಲಿ ನನ್ನ ಬಸ್ ಹತ್ತಿದಳು. ನನ್ನಿಂದ ಅವಳ ಕೆಲಸ ಹೋಯಿತೇನೋ ಅನ್ನುವ ಭಯ ಒಳಗೇ ಇತ್ತು. ಕೇಳಿದೆ.

"ಕೆಲಸ ಹೋಗಿಲ್ಲಕ್ಕ. ಕೌಂಟರಿಂದ ತೆಗ್ದು ಲಾಕರಿಗೆ ಹಾಕಿದಾರೆ. ಕೂರೋಕೆ ಸ್ಟೂಲಿದೆ, ಚೆನ್ನಾಗೇ ಇದೆ" ಅಂದು ನಕ್ಕಳು. ಆಮೇಲೆ ಅಂದಳು, "ಈಗ ಆ ನಲ್ಲಿ ಹತ್ರಾನೇ ಬೋರ್ಡು ಹಾಕಿ ಎಲ್ರಿಗೂ ನೀರು ಬಿಟ್ಟಿದಾರೆ. ಆದ್ರೆ ಲೋಟ ಇಟ್ಟಿಲ್ಲ. ಪೇಪರ್ ಲೋಟಕ್ಕೆ ಹತ್ತು ರೂಪಾಯಿ."

ಬಸ್ಸಿನ ನಡುವೆ ನಿಂತೇ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಅಂದಿನಿಂದ, ಪಾರ್ಕಿನ ಸ್ಟಾಪು ಬಂದಾಗಲೆಲ್ಲ ಇಳಿಯುವವರಿಗೆ ಜೋರಾಗಿ ಹೇಳುತ್ತೇನೆ: ತುಂಬಿದ ಬಾಟಲಿ ಇಲ್ಲೇ ಕುಡಿದು ಮುಗಿಸಿ, ಖಾಲಿ ಬಾಟಲಿ ಬಿಸಾಡಬೇಡಿ, ನಲ್ಲಿ ಕ್ಯಾಂಟೀನ್ ಹಿಂದಿದೆ, ಬಣ್ಣದ ಕಪ್ಪು ಕೊಳ್ಳುವ ಮೊದಲು ಕೆಳಗಿನ ಸಣ್ಣಕ್ಷರ ಓದಿ.

ಮೊನ್ನೆ ಡಿಪೋದಲ್ಲಿ ಸಾಹೇಬರು ಕರೆಸಿದರು. ಪಾರ್ಕಿನಿಂದ ಫೋನ್ ಬಂದಿತ್ತಂತೆ.

"ಏನಮ್ಮಾ, ಬಸ್ಸಲ್ಲಿ ಅವರ ವಿರುದ್ಧ ಪ್ರಚಾರ ಮಾಡ್ತೀಯಂತೆ?"

"ಇಲ್ಲ ಸಾರ್. ನಲ್ಲಿ ಎಲ್ಲಿದೆ ಅಂತ ಹೇಳ್ತೀನಿ."

ಅವರು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು. "ಬರೋ ಭಾನುವಾರ ನಮ್ಮ ಮನೆ ಮಕ್ಕಳೂ ಹೋಗ್ತವ್ರೆ" ಅಂದರು. "ಕ್ಯಾಂಟೀನಿನ ಎಡಗಡೆನೋ, ಬಲಗಡೆನೋ?"