ಗಂಗುಲಮ್ಮನ ನಾಲ್ಕು ಬಟ್ಟಲು ನೀರು

ಗಂಗುಲಮ್ಮನ ತುತ್ತಿಗೆ ಬಾಯಿ ತೆರೆಯದ ಮಗು ದಿಬ್ಬೂರಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ ಎನ್ನುವುದು ಖುದ್ದು ಗಂಗುಲಮ್ಮನೇ ಹೇಳಿಕೊಳ್ಳುತ್ತಿದ್ದ ಮಾತು. ಜಂಬದ ಮಾತೇ ಹೌದು, ಆದರೆ ಸುಳ್ಳಲ್ಲ. ಬೀದಿಯಲ್ಲಿ ಯಾವ ಮಗು ಊಟಕ್ಕೆ ಹಟ ಹಿಡಿದರೂ ತಾಯಂದಿರು ಅದನ್ನು ಸೊಂಟಕ್ಕೇರಿಸಿಕೊಂಡು ಇವಳ ಜಗಲಿಗೆ ಬರುತ್ತಿದ್ದರು. ಇವಳು ಕಾಲು ನೀಡಿ ಕೂತು, ಕಾಗೆಯದೋ ಕರುವಿನದೋ ಏನಾದರೊಂದು ಕತೆ ಕಟ್ಟುತ್ತ, ನೋಡನೋಡುತ್ತಲೇ ಬಟ್ಟಲು ಖಾಲಿ ಮಾಡಿಸಿಬಿಡುತ್ತಿದ್ದಳು.

ಅಂಥವಳ ತುತ್ತಿಗೆ ಈಗ ಬಾಯಿ ಮುಚ್ಚಿ ಕೂತದ್ದು ಅವಳದೇ ಮೊಮ್ಮಗಳು, ಒಂಬತ್ತು ತಿಂಗಳ ಯಾಮಿನಿ. ರಾಗಿ ಸರಿ ಬೆರಳಲ್ಲಿ ತೆಗೆದು ಹತ್ತಿರ ತಂದರೆ ಸಾಕು, ತುಟಿ ಬಿಗಿಯುತ್ತಿತ್ತು, ಮುಖ ಗೋಡೆಯ ಕಡೆ ತಿರುಗುತ್ತಿತ್ತು. ಹೆಚ್ಚು ಒತ್ತಾಯ ಮಾಡಿದರೆ ಪುಟ್ಟ ಕೈ ಬಂದು ಅಜ್ಜಿಯ ಬೆರಳನ್ನೇ ಹಿಡಿದು ಎಳೆಯುತ್ತಿತ್ತು. ಅಂಗನವಾಡಿಯ ತೂಕದಲ್ಲಿ ಎರಡು ತಿಂಗಳಿಂದ ಮಗು ಇದ್ದಲ್ಲೇ ಇತ್ತು. ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿಲ್ಲವೆಂದು ಸೊಸೆ ಲಾವಣ್ಯಳ ಕಣ್ಣುಗಳೇ ಹೇಳುತ್ತಿದ್ದವು.

"ಆರು ತಿಂಗಳು ತುಂಬಿದ್ಮೇಲೆ ಊಟ ಶುರು ಮಾಡಿದ್ರಿ, ಒಳ್ಳೇದೇ," ಎಂದಳು ಅಂಗನವಾಡಿಯ ಶೋಭಾರಾಣಿ. "ಈಗ ಒಂಬತ್ತು ತಿಂಗಳು ಕಣಮ್ಮ. ಅದರ ಕೈಗೇ ಕೊಡಿ. ಗೆಣಸೋ ಕುಂಬಳಕಾಯೋ, ಹಿಚುಕಿದ್ರೆ ಮೆತ್ತಗಾಗೋ ಹಂಗೆ ಬೇಯ್ಸಿ, ಬೆರಳುದ್ದ ಮಾಡಿ ಮುಂದೆ ಇಡಿ. ಪಕ್ಕದಲ್ಲೇ ಕೂತು ನೋಡ್ತಿರಿ. ಚೆಲ್ಲುತ್ತೆ, ಮೈಗೆಲ್ಲ ಬಳ್ಕೊಳ್ಳುತ್ತೆ, ಬಳ್ಕೊಳ್ಳಲಿ ಬಿಡಿ."

"ಚೆಲ್ಲೋದಾ? ನಮ್ಮನೇಲಾ?" ಗಂಗುಲಮ್ಮನ ಹುಬ್ಬು ಹಣೆಗೇರಿತು. "ಇರುವೆಗೆ ಯಾರಮ್ಮ ಹೇಳೋರು?"

ಇದು ಅರ್ಥವಾಗಬೇಕಾದರೆ ಆ ಮನೆ ನೋಡಬೇಕು. ಪಡಸಾಲೆಯ ಅರ್ಧ ಭಾಗ ಮನುಷ್ಯರದು, ಇನ್ನರ್ಧ ರೇಷ್ಮೆ ಹುಳುಗಳದು. ಹುಳುವಿನ ಬಿದಿರು ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಪ್ರತಿ ಕಾಲೂ ಒಂದೊಂದು ನೀರಿನ ಬಟ್ಟಲಲ್ಲಿ ನಿಂತಿರುತ್ತದೆ. ಇರುವೆ ಈಜಿ ದಾಟಲಾರದು, ಅಷ್ಟೇ ಅದರ ಗುಟ್ಟು. ಒಂದು ಸಾಲು ಇರುವೆ ಮೇಲೆ ಹತ್ತಿತೋ, ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಮುಗಿಯಿತು. ಅದಕ್ಕೇ ಆ ಮನೆಯಲ್ಲಿ ಮೂರು ವರ್ಷ ತುಂಬುವವರೆಗೆ ಯಾವ ಮಗುವೂ ತನ್ನ ಕೈಯಿಂದ ಉಣ್ಣುವಂತಿರಲಿಲ್ಲ. ಒಂದು ಅಗುಳೂ ನೆಲಕ್ಕೆ ಬೀಳಬಾರದು.

ಈ ಕಟ್ಟಳೆಯ ಹಿಂದೆ ಒಂದು ಕತೆಯಿತ್ತು, ಅದು ಊರಿಗೆಲ್ಲ ಬಾಯಿಪಾಠವಾಗಿತ್ತು. ಗಂಗುಲಮ್ಮನ ಮಗ ಕೆಂಪರಾಜು ಎರಡು ವರ್ಷದವನಿದ್ದಾಗ ಬೆಲ್ಲದ ಚೂರೊಂದನ್ನು ಕೈಯಲ್ಲಿ ಹಿಡಿದು ಪಡಸಾಲೆಯ ತುಂಬ ಬಳಿದಿದ್ದನಂತೆ. ಬೆಳಗಾಗುವಷ್ಟರಲ್ಲಿ ತಟ್ಟೆ ತಟ್ಟೆಗೂ ಇರುವೆ. ಇನ್ನೆರಡು ದಿನದಲ್ಲಿ ಗೂಡು ಕಟ್ಟಬೇಕಿದ್ದ ಹುಳು ಅಷ್ಟೂ ಹಾಳಾಯಿತು. ಅಂದು ಅಪ್ಪ ವೆಂಕಟರಾಯಪ್ಪ ಮಗುವಿಗೆ ಎರಡೇಟು ಹಾಕಿದ್ದ. ವೆಂಕಟರಾಯಪ್ಪ ತೀರಿಕೊಂಡು ಎಂಟು ವರ್ಷವಾದರೂ ಆ ಕತೆ ಮಾತ್ರ ತೀರಿಕೊಂಡಿಲ್ಲ. ಮೂವತ್ತನಾಲ್ಕರ ಕೆಂಪರಾಜು ಇವತ್ತಿಗೂ ಊರವರ ಬಾಯಲ್ಲಿ ಬೆಲ್ಲದ ಕೆಂಪ. ಅವನ ಮದುವೆಯ ಚಪ್ಪರದಲ್ಲೂ ಯಾರೋ ಪುಣ್ಯಾತ್ಮರು ಆ ಕತೆಯನ್ನು ಹೆಣ್ಣಿನ ಕಡೆಯವರಿಗೆ ಹೇಳಿ ಪುಣ್ಯ ಕಟ್ಟಿಕೊಂಡಿದ್ದರು.

ಹೀಗಾಗಿ ಶೋಭಾರಾಣಿಯ ಮಾತು ಆ ಮನೆಯ ಹೊಸ್ತಿಲಲ್ಲೇ ನಿಂತಿತು. ಆಗ ಹುಳು ನಾಲ್ಕನೇ ಜ್ವರಕ್ಕೆ ಕೂತವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ತಲೆಯೆತ್ತಿ ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವ ಹೊತ್ತು. ಆಗ ಯಾರೂ ಸೊಪ್ಪು ಹಾಕುವುದಿಲ್ಲ. ಸೊಪ್ಪಿನ ಓಡಾಟವಿಲ್ಲದೆ ಪಡಸಾಲೆ ಸುಮ್ಮನಿತ್ತು. ಗಂಗುಲಮ್ಮ ನಿಧಾನವಾಗಿ ಊಟಕ್ಕೆ ಕೂತಳು. ತಟ್ಟೆಯ ಅಂಚಿನಲ್ಲಿ ಎರಡು ಹೋಳು ಬೇಯಿಸಿದ ಗೆಣಸಿತ್ತು.

ಯಾಮಿನಿ ಅಂಬೆಗಾಲಿಟ್ಟು ಬಂದಳು. ಅಜ್ಜಿ ಬೇಡವೆನ್ನುವಷ್ಟರಲ್ಲಿ ಗೆಣಸು ಅವಳ ಮುಷ್ಟಿಯಲ್ಲಿತ್ತು. ಅರ್ಧದಷ್ಟು ಬೆರಳುಗಳ ನಡುವಿನಿಂದ ಸೋರಿತು, ಒಂದಿಷ್ಟು ಮೂಗಿಗೆ ಮೆತ್ತಿಕೊಂಡಿತು, ಉಳಿದದ್ದು ಬಾಯಿಗೆ ಹೋಯಿತು. ಒಸಡಿನಲ್ಲಿ ಅರೆದು ಅರೆದು ನುಂಗಿದಳು. ಮತ್ತೆ ತಟ್ಟೆಗೆ ಕೈ ಹಾಕಿದಳು.

ಗಂಗುಲಮ್ಮ ಮೊದಲು ನೋಡಿದ್ದು ನೆಲವನ್ನು. ಎಷ್ಟು ಚೂರು ಬಿದ್ದಿವೆ, ಎಲ್ಲೆಲ್ಲಿ ಬಿದ್ದಿವೆ ಎಂದು. ಆಮೇಲೆ ಮಗುವಿನ ಮುಖ ನೋಡಿದಳು. ಎರಡು ತಿಂಗಳಿಂದ ತಾನು ಬೇಡಿಕೊಂಡರೂ ತೆರೆಯದ ಬಾಯಿ ಈಗ ತಾನಾಗಿ ತೆರೆಯುತ್ತಿತ್ತು. ತನ್ನ ಕೈ ಬೇಡವಾಯಿತಲ್ಲ ಎಂಬ ಸಂಕಟ ಒಂದು ಕಡೆ, ಮಗು ನುಂಗಿತಲ್ಲ ಎಂಬ ಸಮಾಧಾನ ಇನ್ನೊಂದು ಕಡೆ. ಅಡುಗೆಮನೆಯ ಬಾಗಿಲಲ್ಲಿ ಲಾವಣ್ಯ ನಿಂತಿದ್ದಳು, ಅತ್ತೆ ಈಗ ಬೈಯುತ್ತಾಳೆಂದು.

ಗಂಗುಲಮ್ಮ ಬೈಯಲಿಲ್ಲ. ಕೈತೊಳೆದು ಹಿತ್ತಲಿಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮರದ ಸ್ಟ್ಯಾಂಡನ್ನು ಎಳೆದು ತಂದಳು.

"ಕೆಂಪಾ, ಇದರ ಕಾಲು ಗೇಣುದ್ದಕ್ಕೆ ಕುಯ್ಯೋ. ಸುತ್ತ ಒಂದು ಪಟ್ಟಿ ಹೊಡಿ, ಕೂಸು ಬೀಳಬಾರದು."

"ಯಾಕಮ್ಮ?"

"ಕುಯ್ಯೋ ಅಂದ್ರೆ ಕುಯ್ಯಿ. ಯಾಕೆ ಅಂತ ಆಮೇಲೆ ಕೇಳು."

ಸಂಜೆಯೊಳಗೆ ಸ್ಟ್ಯಾಂಡು ಸಿದ್ಧವಾಯಿತು. ಮೇಲೆ ಹುಳುವಿನ ಹಳೆಯ ಬಿದಿರು ತಟ್ಟೆಯನ್ನು ಬಿಸಿನೀರಲ್ಲಿ ಉಜ್ಜಿ ಒಣಗಿಸಿ, ಬಟ್ಟೆ ಹಾಸಿ ಇಟ್ಟಳು. ಅಂಚು ಎತ್ತರವಾಗಿದ್ದರಿಂದ ಮಗು ಆ ತಟ್ಟೆಯಲ್ಲಿ ಕೂತು ಎಷ್ಟು ಚೆಲ್ಲಾಡಿದರೂ ಅದರೊಳಗೇ ಬೀಳುತ್ತಿತ್ತು; ಊಟವಾದ ಮೇಲೆ ಹಿತ್ತಲಿಗೆ ಒಯ್ದು ಕೊಡವಿದರೆ ಕೋಳಿಗಳಿಗೆ ಹಬ್ಬ. ಇನ್ನು ನಾಲ್ಕು ಕಾಲಿಗೆ ನಾಲ್ಕು ಬಟ್ಟಲು. ಗಂಗುಲಮ್ಮ ತಂಬಿಗೆ ಹಿಡಿದು ಒಂದಾದ ಮೇಲೊಂದು ತುಂಬಿಸಿದಳು. ನಾಲ್ಕನೆಯದರ ಹತ್ತಿರ ಅವಳ ಕೈ ನಿಂತಿತು.

ಆವತ್ತು, ಮೂವತ್ತೆರಡು ವರ್ಷದ ಹಿಂದೆ, ಕೊನೆಯ ಸ್ಟ್ಯಾಂಡಿನ ನಾಲ್ಕನೇ ಬಟ್ಟಲು ಒಣಗಿತ್ತು. ತಳದಲ್ಲಿ ಧೂಳು, ಧೂಳಿನ ಮೇಲೆ ಇರುವೆಯ ಸಾಲು. ಸೊಪ್ಪು ಹೊರುವ ಗಡಿಬಿಡಿಯಲ್ಲಿ ಹಿಂದಿನ ಸಂಜೆ ನೀರು ತುಂಬಿಸಲು ಅವಳೇ ಮರೆತಿದ್ದಳು. ಗಂಡ ಏಳುವ ಮುಂಚೆ ತಟಕ್ಕನೆ ಒಂದು ತಂಬಿಗೆ ನೀರು ಸುರಿದು, ನೆಲದ ಬೆಲ್ಲದ ಕಲೆ ತೋರಿಸಿ, ಮಗನ ಹೆಸರು ಹೇಳಿಬಿಟ್ಟಿದ್ದಳು. ಎರಡು ವರ್ಷದ ಮಗು ಬಾಯಿಬಿಟ್ಟು ಇಲ್ಲವೆನ್ನುತ್ತದೆಯೇ? ಏಟು ಬಿದ್ದಾಗ ಸೆರಗಿನಲ್ಲಿ ಮುಚ್ಚಿ ಸಂತೈಸಿದವಳೂ ಅವಳೇ. ಆ ಕತೆಯನ್ನು ಎಷ್ಟು ಸಲ ಹೇಳಿದ್ದಳೆಂದರೆ ಕೊನೆಗೆ ತಾನೇ ನಂಬುವಷ್ಟು ಅದು ನಿಜವಾಗಿಬಿಟ್ಟಿತ್ತು.

ಬಟ್ಟಲು ತುಂಬಿಸಿದಳು. ತಂಬಿಗೆ ಬೋರಲು ಹಾಕಿ ಒಳಗೆ ಹೋದಳು.

ಜ್ವರದಿಂದ ಎದ್ದ ಹುಳು ಹಗಲಿರುಳೆನ್ನದೆ ಮೇಯತೊಡಗಿದವು. ಇತ್ತ ಯಾಮಿನಿಯೂ ಅಷ್ಟೇ. ಮೊದಲ ದಿನ ಗೆಣಸು, ಆಮೇಲೆ ಕುಂಬಳಕಾಯಿ, ಮೆತ್ತನೆ ಇಡ್ಲಿ, ತುಪ್ಪ ಸವರಿದ ಮುದ್ದೆಯ ಪುಟ್ಟ ಚೂರು. ಲಾವಣ್ಯ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಗಂಗುಲಮ್ಮ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದಳು, ಇಲ್ಲದಿದ್ದರೆ ಅವು ತಾವಾಗಿಯೇ ತುತ್ತು ಕಟ್ಟಲು ಹೋಗುತ್ತಿದ್ದವು. ಒಂದು ದಿನ ಇರುವೆಯ ಸಾಲೊಂದು ಬಂದು, ಬಟ್ಟಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿತು. ಒಂದು ಹುಳುವೂ ಹಾಳಾಗದೆ ಗೂಡು ಕಟ್ಟುವ ಚಂದ್ರಿಕೆಗೇರಿತು. ಬಿದಿರಿನ ಸುರುಳಿ ತುಂಬ ಗಟ್ಟಿ ಗೂಡು.

ಮುಂದಿನ ತೂಕದ ದಿನ ಅಂಗನವಾಡಿಯ ಜಗಲಿಯಲ್ಲಿ ಅರ್ಧ ಊರೇ ನೆರೆದಿತ್ತು. ಕೆಂಪರಾಜು ಮಗಳನ್ನು ತಾನೇ ಎತ್ತಿ ತೂಕಕ್ಕಿಟ್ಟ. ಶೋಭಾರಾಣಿ ಎರಡೆರಡು ಸಲ ನೋಡಿ, "ಭೇಷ್! ಎರಡು ತಿಂಗಳದ್ದೂ ಒಂದೇ ತಿಂಗಳಲ್ಲಿ ಬಂದಿದೆ ಕಣ್ರೀ," ಎಂದಳು. ಲಾವಣ್ಯ ಕಣ್ಣೊರೆಸಿಕೊಂಡಳು. ಗಂಗುಲಮ್ಮನ ಎದೆ ಹೆಮ್ಮೆಯಿಂದ ಉಬ್ಬಿತು. ಅವಳು ಸುಮ್ಮನಿರುವ ಪೈಕಿಯೇ? ಸ್ಟ್ಯಾಂಡು, ಬಿದಿರು ತಟ್ಟೆ, ಬಟ್ಟಲು, ಎಲ್ಲವನ್ನೂ ಕೈಯಾಡಿಸುತ್ತ ವಿವರಿಸಿದಳು.

ಎದುರುಮನೆಯ ಮುನಿಶಾಮಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ನೀರಿನ ಕಾವಲು ಹಾಕಿದ್ದು ಒಳ್ಳೇದಾಯ್ತು ಬಿಡಕ್ಕ. ಬೆಲ್ಲದ ಕೆಂಪನ ಮಗಳಲ್ವಾ? ಅಪ್ಪನಂಗೆ ಒಂದು ಬೆಳೇನೇ ನುಂಗಿಬಿಟ್ಟಿದ್ರೆ?"

ಜಗಲಿಯೆಲ್ಲ ನಕ್ಕಿತು. ಕೆಂಪರಾಜುವೂ ನಕ್ಕ, ಯಾವಾಗಲೂ ನಗುವ ಹಾಗೆ, ತನ್ನ ಚಪ್ಪಲಿಯನ್ನು ನೋಡುತ್ತ. ಗಂಗುಲಮ್ಮ ಮಾತ್ರ ನಗಲಿಲ್ಲ. ಮಗನ ಬಗ್ಗಿದ ತಲೆಯನ್ನೇ ನೋಡಿದಳು.

"ಅವನು ನುಂಗಲಿಲ್ಲ ಕಣೇ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಆವತ್ತು ಬಟ್ಟಲಲ್ಲಿ ನೀರಿರಲಿಲ್ಲ. ನಾನು ತುಂಬ್ಸಿರಲಿಲ್ಲ. ಅವರಪ್ಪಂಗೆ ಹೆದರಿ ಕೂಸಿನ ಮೇಲೆ ಹಾಕ್ದೆ. ಅವನದೇನೂ ತಪ್ಪಿಲ್ಲ. ಇನ್ಮೇಲೆ ಅವನನ್ನ ಯಾರೂ ಹಂಗನ್ನಬೇಡಿ."

ಮುನಿಶಾಮಮ್ಮನ ಸೆರಗು ಬಾಯಲ್ಲೇ ಉಳಿಯಿತು. ಕೆಂಪರಾಜು ಅಮ್ಮನನ್ನು ನೋಡುತ್ತಲೇ ಇದ್ದ.

"ಹಂಗಾದ್ರೆ ಬೆಲ್ಲ?"

"ಬೆಲ್ಲ ನಿಂದೇ ಕಣೋ. ನೀರು ನಂದು."

ಅವನು ಮಗಳನ್ನು ಎತ್ತಿಕೊಂಡು ಮನೆಯ ಕಡೆ ಹೊರಟ. ಗಂಗುಲಮ್ಮ ಎರಡು ಹೆಜ್ಜೆ ಹಿಂದೆಯೇ ನಡೆದಳು. ಮನೆಗೆ ಬಂದವನೇ ಕೆಂಪರಾಜು ಮಗಳನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ತಂಬಿಗೆ ತಂದು, ಒಂದು, ಎರಡು, ಮೂರು ಬಟ್ಟಲು ತುಂಬಿಸಿದ. ನಾಲ್ಕನೆಯದರ ಮುಂದೆ ಕೂತು ತಂಬಿಗೆಯನ್ನು ಅಮ್ಮನ ಕಡೆ ಚಾಚಿದ.

"ತಗೊಳಮ್ಮ," ಎಂದ. "ಇದು ನೀನೇ ತುಂಬ್ಸು."

ಗಂಗುಲಮ್ಮ ಬಟ್ಟಲು ತುಂಬಿ ನೆಲಕ್ಕೆ ಹರಿಯುವವರೆಗೂ ಸುರಿದಳು.